ಒರಗಿಸಿಟ್ಟ ಬಾಣ

ಆ ಬೆಳಿಗ್ಗೆಯೂ ಕೋಳಿಗೂಡಿನ ಬಾಗಿಲು ತೆಗೆಯುವುದರಿಂದಲೇ ನನ್ನ ದಿನ ಸುರುವಾಯಿತು. ಹೇಂಟೆಗಳು ನುಗ್ಗಿ ಹೊರಗೆ ಬಂದವು. ಹುಂಜ ಯಾವತ್ತಿನ ಹಾಗೆ ಕೊನೆಗೆ, ಯಾರೋ ಒತ್ತಾಯ ಮಾಡಿ ಕರೆದಂತೆ ಬಂತು. ಅತ್ತೆಗೆ ಸಕ್ಕರೆ ಕಡಿಮೆಯ ಚಹಾ ಕೊಟ್ಟೆ. ಮಕ್ಕಳ ಡಬ್ಬಿಗೆ ನೀರುದೋಸೆ ಮಡಚಿ ಇಟ್ಟೆ. ಚಿಕ್ಕವಳ ಒಂದು ಸಾಕ್ಸ್ ಸಿಗಲಿಲ್ಲ. ಸಿಕ್ಕಿದಾಗ ಅದಕ್ಕೆ ಹಿಂದಿನ ದಿನದ ಗೇರುಹೂ ಅಂಟಿಕೊಂಡಿತ್ತು. ಶಾಲೆಯ ವ್ಯಾನು ಗೇಟಿನ ಹತ್ತಿರ ಹಾರ್ನ್ ಹೊಡೆಯಿತು, ಇಬ್ಬರೂ ಓಡಿದರು, ಮನೆ ತಟ್ಟನೆ ಖಾಲಿಯಾಯಿತು.

ಒಂದೇ ವ್ಯತ್ಯಾಸ, ಒಗ್ಗರಣೆಗೆ ಹಾಕಿದ ಕರಿಬೇವಿನೆಲೆ ಬಾಡಿತ್ತು. ಅದನ್ನು ಹಿಂದಿನ ಸಂಜೆಯೇ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಬಸಳೆಯನ್ನೂ ಹಾಗೆಯೇ. ಯಾಕೆಂದರೆ ಆವತ್ತು ಕೆಡ್ಡಸದ ಮೊದಲ ದಿನ. ನಮ್ಮ ತುಳುವರ ನಂಬಿಕೆಯಲ್ಲಿ ಆ ಮೂರು ದಿನ ಭೂಮಿ ಮುಟ್ಟಾಗುತ್ತಾಳೆ. ಮಣ್ಣು ಅಗೆಯುವ ಹಾಗಿಲ್ಲ, ಹಸಿ ಗಿಡ ಕಡಿಯುವ ಹಾಗಿಲ್ಲ, ಹಾರೆ ಕತ್ತಿಗಳೆಲ್ಲ ಮೂಲೆ ಸೇರಬೇಕು. ಕೊನೆಯ ದಿನ ಹೆಂಗಸರು ಅಂಗಳದಲ್ಲಿ ಒಂದು ಜಾಗ ಗುಡಿಸಿ, ನೆಲಕ್ಕೆ ಎಣ್ಣೆ, ಸೀಗೆ, ಅರಿಶಿನ ಕೊಟ್ಟು ಅವಳನ್ನು ಮೀಯಿಸುತ್ತಾರೆ. ಗಂಡಸರು ಬೇಟೆಗೆ ಹೋಗುತ್ತಿದ್ದರು.

ಈಗ ಬೇಟೆ ಇಲ್ಲ. ಕಾನೂನು ಬಿಡುವುದಿಲ್ಲ, ಬಿಡದಿರುವುದು ಒಳ್ಳೆಯದೇ. ಅದರ ಬದಲು ಅಡಿಕೆ ಹಾಳೆಯಲ್ಲಿ ಒಂದು ಹಂದಿ ಮಾಡಿ, ಮಸಿಯಲ್ಲಿ ಕಣ್ಣು ಬರೆದು, ಗುಡ್ಡೆಯ ಬರೆಯ ಮುಂದೆ ನಿಲ್ಲಿಸಿ ಬಿಲ್ಲಿನಿಂದ ಹೊಡೆಯುತ್ತಾರೆ. ಬರೆ ಎಂದರೆ ಗುಡ್ಡೆಯ ಬದಿಯಲ್ಲಿ ಗೋಡೆಯ ಹಾಗೆ ನಿಂತ ಮಣ್ಣು. ತಪ್ಪಿದ ಬಾಣ ಅದಕ್ಕೆ ಹೋಗಿ ನಾಟುತ್ತದೆ. ಮನೆಗೊಂದು ಬಾಣ. ಬಿಡುವವರಿಲ್ಲದ ಮನೆಯ ಬಾಣವನ್ನು ಯಾರಾದರೂ ತೆಗೆದುಕೊಂಡು ಹೋಗಿ, ಹಂದಿಯ ಪಕ್ಕ ಸುಮ್ಮನೆ ಒರಗಿಸಿಟ್ಟು ಬರುತ್ತಾರೆ. ಶಾಲೆಯಲ್ಲಿ ಹಾಜರಿ ಕರೆಯುವಾಗ ಯಾರೋ ಹಿಂದಿನಿಂದ ಆಬ್ಸೆಂಟ್ ಎಂದು ಕೂಗಿದ ಹಾಗೆ. ಮಾವ ತೀರಿಕೊಂಡ ಮೇಲೆ ನಮ್ಮ ಮನೆಯ ಬಾಣ ಪ್ರತಿ ಸಲ ಒರಗಿಯೇ ನಿಂತದ್ದು. ನನ್ನ ಗಂಡ ಶಾರ್ಜಾದಲ್ಲಿ; ಅವರಿಗೆ ರಜೆ ಸಿಗುವುದು ಮಳೆಗಾಲಕ್ಕೆ.

ಕಳೆದ ಕೆಡ್ಡಸದ ದಿನ ಗುಡ್ಡೆಯಿಂದ ಇಳಿದು ಬಂದ ಅತ್ತೆ ಕಾಲು ತೊಳೆಯದೆಯೇ ಜಗಲಿಯಲ್ಲಿ ಕೂತರು. "ಇನ್ನು ನನಗೆ ಅದನ್ನು ನೋಡ್ಲಿಕ್ಕೆ ಸಾಧ್ಯ ಇಲ್ಲ. ಬರುವ ವರ್ಷ ನೀನು ಬಿಡು" ಎಂದರು. ತಮಾಷೆ ಎಂದುಕೊಂಡೆ. ಮರುದಿನ ನೋಡಿದರೆ ಮಾವನ ಬಿಲ್ಲನ್ನು ಅಟ್ಟದಿಂದ ಇಳಿಸಿ, ತೆಂಗಿನೆಣ್ಣೆ ಹಚ್ಚುತ್ತಾ ಕೂತಿದ್ದರು.

ಬೈನೆ ಮರದ ಕರಿ ಬಿಲ್ಲು ಅದು. ಹಿಡಿಯುವಲ್ಲಿ ಮಾವನ ಅಂಗೈ ಉಜ್ಜಿ ಉಜ್ಜಿ ಒಂದು ತಗ್ಗು ಬಿದ್ದಿತ್ತು. ನನ್ನ ಕೈ ಅದರೊಳಗೆ ಸಡಿಲ. ಹೆದೆ ತುಂಡಾಗಿತ್ತು. ಕತ್ತಾಳೆಯ ನಾರು ಹೊಸೆದು ಬೇರೆ ಮಾಡಿದೆ. ನಾನು ಕಲಿತ ಕಾನ್ವೆಂಟಿನಲ್ಲಿ ಹೊಲಿಗೆಯ ಸಿಸ್ಟರ್ ನೂಲಿಗೆ ಮೇಣದಬತ್ತಿ ಉಜ್ಜಿಸುತ್ತಿದ್ದರು, ಗಂಟು ಬೀಳಬಾರದೆಂದು. ನಾನೂ ಹಾಗೆಯೇ ಉಜ್ಜಿದೆ. ಒಮ್ಮೆ ಎಳೆದು ಬಿಟ್ಟದ್ದೇ, ಮೇಣವೆಲ್ಲ ಬಿಳಿ ಪುಡಿಯಾಗಿ ನನ್ನ ರವಿಕೆಯ ಮೇಲೆ ಉದುರಿತು. ಅತ್ತೆ ನಕ್ಕು ನಕ್ಕು ಕೆಮ್ಮಿದರು. "ಇದು ಕರವಸ್ತ್ರ ಅಲ್ಲ ಮಗಾ, ಜೇನುಮೇಣ ತಾ." ಬಾಣಕ್ಕೆ ಓಟೆ ಬಿದಿರಿನ ಕೋಲನ್ನು ಕೆಂಡದ ಮೇಲೆ ಹಿಡಿದು ನೇರ ಮಾಡಿದೆ. ಗರಿ ನಮ್ಮ ಕೋಳಿಗಳದ್ದೇ, ಆದರೆ ಒಂದು ಬಾಣದ ಗರಿಗಳೆಲ್ಲ ಒಂದೇ ಬದಿಯ ರೆಕ್ಕೆಯದ್ದಾಗಬೇಕು. ಎಡದ್ದೂ ಬಲದ್ದೂ ಬೆರೆತರೆ ಬಾಣ ಕುಡಿದವನ ಹಾಗೆ ಓಲಾಡುತ್ತದೆ. ಇದನ್ನು ನಾನು ಯಾರಿಂದಲೂ ಕಲಿತದ್ದಲ್ಲ, ಮೊದಲ ಬಾಣ ಬಾವಿಕಟ್ಟೆ ದಾಟಿ ಹೋದ ಮೇಲೆ ಕಂಡುಕೊಂಡದ್ದು.

ಹಿತ್ತಿಲಿನಲ್ಲಿ ತೆಂಗಿನ ಸಿಪ್ಪೆ ತುಂಬಿದ ಗೋಣಿಯನ್ನು ಮಾವಿನ ಕೊಂಬೆಗೆ ತೂಗುಹಾಕಿ, ಮಳೆ ಬಿಟ್ಟ ಮೇಲೆ ಪ್ರತಿ ಬೆಳಿಗ್ಗೆ, ಮಕ್ಕಳು ವ್ಯಾನು ಹತ್ತಿದ ಕೂಡಲೇ ಹೊಡೆದೆ. ಅತ್ತೆ ಜಗಲಿಯಿಂದ ಎಲೆಯಡಿಕೆ ಕುಟ್ಟುತ್ತಾ ಹೇಳುತ್ತಿದ್ದರು: "ಮೊಣಕೈ ಮೇಲೆ." "ಹೆದೆ ಗಲ್ಲಕ್ಕೆ ತಾಗ್ಬೇಕು, ನಾಚಿಕೆ ಎಂತಕ್ಕೆ?" ಹೆದೆ ಹೊಡೆದು ಎಡಗೈ ನೀಲಿಯಾಯಿತು, ಹಾಳೆಯ ತುಂಡು ಕಟ್ಟಿಕೊಂಡೆ. ಗಂಡ ವಿಡಿಯೊ ಕಾಲ್‌ನಲ್ಲಿ ಕೈ ನೋಡಿ, "ಎಂತ ಅದು, ಯಾರು ಹೊಡೆದದ್ದು ನಿನಗೆ?" ಎಂದು ಕೇಳಿದರು. "ನಿಮ್ಮ ಅಪ್ಪನ ಬಿಲ್ಲು" ಎಂದೆ. ಮುಗಿದ ಮೇಲೆ ಹೆದೆ ಬಿಚ್ಚದೆ ಬಿಲ್ಲನ್ನು ಮೂಲೆಗಿಡಲು ಅತ್ತೆ ಬಿಡುತ್ತಿರಲಿಲ್ಲ. ಬಿಗಿದೇ ಇಟ್ಟರೆ ಅದರ ಬಲ ಹೋಗುತ್ತದಂತೆ. ಬರಬರುತ್ತಾ ಬಾಣಗಳು ಗೋಣಿಯ ನಡುವಿಗೆ, ಒಂದರ ಪಕ್ಕ ಒಂದು ಹೋಗಿ ಕೂರಲು ತೊಡಗಿದವು. ಆ ಟಕ್ ಎಂಬ ಸದ್ದಿನಷ್ಟು ನನ್ನದೇ ಆದದ್ದು ಈ ಮನೆಯಲ್ಲಿ ಬೇರೆ ಇರಲಿಲ್ಲ.

ಆ ಬೆಳಿಗ್ಗೆ ಬಿಲ್ಲಿಗೆ ಹೆದೆ ಏರಿಸಿ ಆಗುವ ಹೊತ್ತಿಗೆ ಗುಡ್ಡೆಯ ಕಡೆಯಿಂದ ಸದ್ದು ಕೇಳಿತು. ಗುರ್ರ್ ಎಂದು ಏರುವುದು, ಮತ್ತೆ ಕಬ್ಬಿಣ ಕಲ್ಲಿಗೆ ತಾಗಿ ಕಿರುಚುವುದು. ಅತ್ತೆಯ ಕೈಯ ಕುಟ್ಟಾಣಿ ನಿಂತಿತು.

"ಜೆಸಿಬಿಯಾ?" ಎಂದರು.

"ರೋಡಿನದ್ದಾಗಿರ್ಬೇಕು."

"ರೋಡು ಆ ಕಡೆ ಎಲ್ಲುಂಟು?"

ಬಿಲ್ಲನ್ನು ಅಲ್ಲೇ ಇಟ್ಟು ಗುಡ್ಡೆ ಹತ್ತಿದೆ. ಗೇರುಮರಗಳ ಸಂದಿನಿಂದ ಮೊದಲು ಕಂಡದ್ದು ಹಳದಿ ಬಣ್ಣ. ಮತ್ತೆ ಬರೆ. ಬರೆ ಎಲ್ಲಿ? ಎಷ್ಟೋ ಮಳೆಗೆ ಕಪ್ಪುಗಟ್ಟಿ, ಹಾವಸೆ ಹಿಡಿದು, ನನ್ನ ಮಾವ, ಅವರ ಅಪ್ಪ ಎಲ್ಲ ಬಾಣ ಬಿಟ್ಟು ತೂತು ತೂತಾಗಿದ್ದ ಬರೆಯ ಅರ್ಧ ಕೆಳಗೆ ರಾಶಿ ಬಿದ್ದಿತ್ತು. ಉಳಿದರ್ಧ ಹಸಿ ಕೆಂಪು. ಹಲ್ಲುಗಳ ಗೀರು ಮೇಲಿನಿಂದ ಕೆಳಗಿನವರೆಗೆ. ಒಂದು ಬೇರು ತುಂಡಾಗಿ ನೀರು ಜಿನುಗುತ್ತಿತ್ತು.

ಅಲ್ಲಿ ನಿಂತು ಕೈ ತೋರಿಸುತ್ತಿದ್ದವನು ನನ್ನ ಮೈದುನ, ಗಂಡನ ಚಿಕ್ಕಪ್ಪನ ಮಗ. ಊರಿನ ಕ್ಲಬ್ಬಿನ ಅಧ್ಯಕ್ಷ. ಕೆಡ್ಡಸದ ಬಿಲ್ಲು ಸ್ಪರ್ಧೆಯ ಉಸ್ತುವಾರಿ ಅವನದ್ದೇ. ಅವನ ಹಿಂದೆ ಫ್ಲೆಕ್ಸ್ ನಿಲ್ಲಿಸಿದ್ದರು: "ಭೂಮಿತಾಯಿಯ ವಿಶ್ರಾಂತಿಯ ಹಬ್ಬಕ್ಕೆ ಸ್ವಾಗತ." ಅದರ ಎರಡು ಕಂಬಗಳನ್ನು ಆಗಷ್ಟೇ ಗುಂಡಿ ತೋಡಿ ಹುಗಿದಿದ್ದರು. ಗುಂಡಿಯ ಮಣ್ಣು ಕಂಬದ ಬುಡದಲ್ಲಿ ಇನ್ನೂ ಒದ್ದೆ.

ಕೋಪ ಬಂದಾಗ ದನಿ ತಗ್ಗಿಸಬೇಕೆಂದು ನಮಗೆ ಸಿಸ್ಟರ್‌ಗಳು ಕಲಿಸಿದ್ದರು. ನಾನು ತಗ್ಗಿಸಿದೆ. ಎಷ್ಟು ತಗ್ಗಿಸಿದೆನೆಂದರೆ ಆ ಯಂತ್ರದ ಸದ್ದಿನಲ್ಲಿ ನಾನು ಹೇಳಿದ್ದು ಯಾರಿಗೂ ಕೇಳಲೇ ಇಲ್ಲ. ಮೈದುನ ಕೈ ಎತ್ತಿ ಡ್ರೈವರಿಗೆ ನಿಲ್ಲಿಸಲು ಹೇಳಿದ. "ಎಂತ ಅತ್ತಿಗೆ?"

"ಸಾರಿ," ಎಂದೆ. ಮೊದಲು ಬಾಯಿಗೆ ಬಂದದ್ದು ಆ ಶಬ್ದ. ಅವನು ಅಗೆಸಿದ್ದಕ್ಕೆ ನಾನು ಸಾರಿ! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು. "ಇವತ್ತು ಎಂತ ದಿನ ಅಂತ ಗೊತ್ತುಂಟಾ ನಿನಗೆ?"

"ಗುರುವಾರ." ಅವನ ಜೊತೆಗಿದ್ದವರು ನಕ್ಕರು.

"ಕೆಡ್ಡಸ. ನಾನು ಒಂದು ಬೇವಿನೆಲೆ ಕೊಯ್ಯಲಿಲ್ಲ ಇವತ್ತು."

"ಅಲ್ಲ ಅತ್ತಿಗೆ, ನಾಡಿದ್ದು ಎಂಎಲ್‌ಎ ಬರ್ತಾರೆ. ಕುರ್ಚಿ ಹಾಕ್ಲಿಕ್ಕೆ ಜಾಗ ಬೇಡ್ವಾ? ಸ್ಟೇಜ್ ಬೇಡ್ವಾ? ಜೆಸಿಬಿಗೆ ನಾಳೆಯಿಂದ ಬೆಳ್ಳೂರಿನಲ್ಲಿ ಕೆಲಸ ಉಂಟು. ಸಿಕ್ಕಿದ್ದೇ ಇವತ್ತು."

"ಹೋದ ವಾರ ಮಾಡ್ಬಹುದಿತ್ತು."

"ಹೋದ ವಾರ ಅವರ ಡೇಟ್ ಆಗಿರ್ಲಿಲ್ಲ." ಮತ್ತೆ ಅವನು ಬುದ್ಧಿವಂತನ ಮುಖ ಮಾಡಿದ. "ಹಾರೆ ತಾಗಿಸ್ಬಾರದು, ಕತ್ತಿ ತಾಗಿಸ್ಬಾರದು ಅಂತ ಹಿರಿಯರು ಹೇಳಿದ್ದು ಹೌದು. ಜೆಸಿಬಿ ವಿಷಯ ಯಾರಾದ್ರೂ ಹೇಳಿದ್ದಾರಾ?"

ಈ ಸಲದ ನಗು ಜೋರಿತ್ತು. ಜೆಸಿಬಿಯ ಡ್ರೈವರ್ ಮಾತ್ರ ನಗಲಿಲ್ಲ. ಅವನು ಮಲಯಾಳದವನು, ನಮ್ಮ ತುಳು ಅವನಿಗೆ ತಿಳಿಯಲಿಲ್ಲ. ತುಳುವಿನಲ್ಲಿ ಆಡಿದ ಈ ಮಾತುಗಳು ಕನ್ನಡದಲ್ಲಿ ಬರೆಯುವಾಗ ಸ್ವಲ್ಪ ಮರ್ಯಾದಸ್ಥವಾಗಿ ಕಾಣುತ್ತಿವೆ. ಅಲ್ಲಿ ಹಾಗಿರಲಿಲ್ಲ.

"ನಿಮ್ಮ ಮನೆಯ ಬಾಣವನ್ನೇ ಮೊದಲು ಇಟ್ಟಿದ್ದೇನೆ," ಎಂದು ಅವನು ಸಮಾಧಾನದ ದನಿಯಲ್ಲಿ ಹೇಳಿದ. "ಅತಿಥಿಗಳ ಎದುರು. ಲೇಡೀಸ್ ಬಿಲ್ಲು ಹಿಡಿದ್ರೆ ಫೋಟೊಕ್ಕೆ ಎಷ್ಟು ಚೆಂದ! ಸೀರೆಯಲ್ಲೇ ಬನ್ನಿ, ಆಯ್ತಾ?"

ಅಷ್ಟು ತಿಂಗಳು ನೀಲಿಗಟ್ಟಿದ ಕೈ, ಸುಟ್ಟ ಬೆರಳು, ಜೇನುಮೇಣ, ರೆಕ್ಕೆ ನೋಡಿ ಆರಿಸಿದ ಗರಿ. ಎಲ್ಲ ಅವನ ಫೋಟೊಕ್ಕೆ.

"ಈ ಅಗೆದ ಬರೆಗೆ ನಾನು ಬಾಣ ಬಿಡುದಿಲ್ಲ," ಎಂದೆ.

"ಹಾಗಾದ್ರೆ ಈ ಸಲವೂ ಒರಗಿಸಿಡುವಾ," ಎಂದು ಅವನು ತಣ್ಣಗೆ ಹೇಳಿ, ಡ್ರೈವರಿಗೆ ಕೈ ಮಾಡಿದ. ಯಂತ್ರ ಮತ್ತೆ ಏರಿತು. ನಾನು ತಿರುಗಿದ ಮೇಲೆ ಹಿಂದಿನಿಂದ ಕೂಗಿದ: "ಬಿಲ್ಲಾದ್ರೂ ಕಳಿಸಿ ಅತ್ತಿಗೆ, ಸ್ಟೇಜಿನಲ್ಲಿ ಇಡ್ಲಿಕ್ಕೆ!"

ಇಳಿಯುವಾಗ ಚಪ್ಪಲಿಗೆ ಆ ಕೆಂಪು ಮಣ್ಣು ಮೆತ್ತಿತ್ತು. ಅಂಗಳಕ್ಕೆ ಬರುವ ಮೊದಲು ಕಲ್ಲಿಗೆ ಒರೆಸಿದೆ, ಮತ್ತೆ ಒರೆಸಿದೆ, ಹೋಗಲಿಲ್ಲ. ಅತ್ತೆಗೆ ನಡೆದದ್ದೆಲ್ಲ ಹೇಳಿದೆ. ಅವರು ನನ್ನ ಚಪ್ಪಲಿಯನ್ನೇ ನೋಡುತ್ತಿದ್ದರು.

"ಅವನ ಅಮ್ಮ ಇದ್ದಿದ್ರೆ ಸೌಟಿನಲ್ಲಿ ಕೊಡ್ತಿದ್ಲು ಅವನಿಗೆ," ಎಂದರು. ನನಗೆ ಸಮಾಧಾನವಾಯಿತು. ಆದರೆ ಅವರು ಮುಂದುವರಿಸಿದರು: "ನೀನು ಬಿಡುದಿಲ್ಲ ಅಂತ ಯಾಕೆ ಹೇಳಿದ್ದು?"

"ಅತ್ತೆ, ಅಗೆದಿದ್ದಾರೆ. ನೀವೇ ಅಲ್ವಾ ನಿನ್ನೆ ನನ್ನ ಕೈಯಿಂದ ಕತ್ತಿ ತೆಗೆದಿಟ್ಟದ್ದು?"

"ಅಗೆದದ್ದು ಅವನು. ಅದರ ಪಾಪ ಅವನಿಗೆ. ಬಾಣ ನಮ್ಮದು. ನನಗೆ ಅದು ಒರಗಿ ನಿಂತದ್ದು ನೋಡಿ ನೋಡಿ ಸಾಕಾಗಿದೆ. ನೀನು ಹೋಗು, ಬಿಡು, ಬಾ. ಅಷ್ಟೇ."

"ನನಗಾಗುದಿಲ್ಲ."

"ಓದಿದವಳಿಗೆ ಹಠ ಜಾಸ್ತಿ," ಎಂದು ಅವರು ಮುಖ ತಿರುಗಿಸಿ ಕುಟ್ಟಾಣಿ ಎತ್ತಿಕೊಂಡರು.

ಕೆಡ್ಡಸದ ತಿಂಡಿಗೆ ಅಕ್ಕಿ, ಹುರುಳಿ ಹುರಿಯಲು ಕೂತೆ. ಕೋಪದಲ್ಲಿ ಒಲೆಗೆ ಕಟ್ಟಿಗೆ ಜಾಸ್ತಿ ದೂಡಿದ್ದೆ, ಹುರುಳಿ ಕರಿಯಾಯಿತು. ತೆಗೆದು ಕೋಳಿಗೆ ಚೆಲ್ಲಿದೆ, ಅವೂ ಮುಟ್ಟಲಿಲ್ಲ. ಯಾರ ಮೇಲೆ ಹೆಚ್ಚು ಕೋಪ ಎಂದು ನೋಡಿಕೊಂಡೆ. ಮೈದುನನ ಮೇಲೆ ಹೌದು. ಆದರೆ ಅತ್ತೆಯ ಮೇಲೆ ಇನ್ನೂ ಬಿಸಿ ಇತ್ತು. ಭೂಮಿಗೆ ನೋವಾಗುತ್ತದೆಂದು ನನಗೆ ಕಲಿಸಿದ್ದು ಅವರು. ಮದುವೆಯಾಗಿ ಬಂದ ಮೊದಲ ಕೆಡ್ಡಸಕ್ಕೆ, ನಾನು ಮುಟ್ಟಾಗಿ ಹೊಟ್ಟೆನೋವಿನಲ್ಲಿ ಮಲಗಿದ್ದಾಗ, "ನೀನೂ ಭೂಮಿಯೂ ಒಟ್ಟಿಗೇ ಮಲಗಿ" ಎಂದು ನೆಲದ ಮೇಲೆ ಚಾಪೆ ಹಾಸಿ ಬಿಸಿನೀರು ತಂದುಕೊಟ್ಟವರು. ಕಾನ್ವೆಂಟಿನಲ್ಲಿ ಯಾರೂ ಅದರ ಹೆಸರೆತ್ತುತ್ತಿರಲಿಲ್ಲ. ಇಲ್ಲಿ ಇಡೀ ಊರು ಅದಕ್ಕಾಗಿ ಹಾರೆ ಕೆಳಗಿಡುತ್ತದೆ ಎಂದು ತಿಳಿದ ದಿನ ನಾನು ಈ ಮನೆಯವಳಾದದ್ದು. ಅಂಥವರೇ ಈಗ ಹೋಗು, ಬಿಡು, ಬಾ ಎನ್ನುತ್ತಾರೆ.

ನಾಲ್ಕು ಗಂಟೆಗೆ ಸದ್ದು ನಿಂತಿತು. ಜೆಸಿಬಿ ನಮ್ಮ ಗೇಟಿನ ಮುಂದೆಯೇ, ಹಲ್ಲುಗಳಲ್ಲಿ ಮಣ್ಣು ಕಚ್ಚಿಕೊಂಡು ಹೋಯಿತು. ಬಿಲ್ಲು ಬೆಳಿಗ್ಗೆ ಇಟ್ಟಲ್ಲೇ ಇತ್ತು, ಹೆದೆ ಬಿಗಿದೇ. ದಿನವಿಡೀ ಅದನ್ನು ಬಗ್ಗಿಸಿಟ್ಟು ಮರೆತಿದ್ದೆ. ತೆಗೆದು ಬಿಚ್ಚಿದೆ. ಅದು ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಸ್ಟೇಜಿಗೆ ಬಿಲ್ಲು ಕಳಿಸುವುದಿಲ್ಲ. ಆ ಬರೆಗೆ ಬಿಡುವುದಿಲ್ಲ. ಒರಗಿಸಲಿಕ್ಕೆ ಬಾಣವನ್ನೂ ಕೊಡುವುದಿಲ್ಲ. ಆಬ್ಸೆಂಟ್ ಎಂದು ಕೂಗಲಿಕ್ಕಾದರೂ ಹೆಸರು ಬೇಕಲ್ಲ, ಆ ಹೆಸರೂ ಅವರಿಗೆ ಸಿಗುವುದು ಬೇಡ. ಅತ್ತೆಗೆ ಕೇಳುವ ಹಾಗೆ ಇದನ್ನು ಹೇಳಿದೆ. ಮೊದಲ ಸಲ ದನಿ ತಗ್ಗಿಸಲಿಲ್ಲ. ಅವರು ಎದ್ದು ಬಂದು, ಜೇನುಮೇಣದ ಉಂಡೆಯನ್ನು ನನ್ನ ಪಕ್ಕ ಇಟ್ಟು ಒಳಗೆ ಹೋದರು. ಅದು ಒಪ್ಪಿಗೆಯೋ, ಅಭ್ಯಾಸವೋ, ನಾನು ಕೇಳಲಿಲ್ಲ. ಕೋಪ ಇನ್ನೂ ಇಳಿದಿರಲಿಲ್ಲ, ಕೇಳಿದರೆ ಜಗಳವೇ ಆಗುತ್ತಿತ್ತು. ಉಂಡೆ ಎತ್ತಿಕೊಂಡು ಹೆದೆಗೆ ಉಜ್ಜುತ್ತಾ ಕೂತೆ.

ದೀಪ ಹಚ್ಚುವ ಹೊತ್ತಿಗೆ ಆಚೆಮನೆಯವಳು ಮೊಸರಿನ ಹೆಪ್ಪಿಗೆಂದು ಗ್ಲಾಸು ಹಿಡಿದು ಬಂದಳು. ಗುಡ್ಡೆಯ ವಿಷಯ ಅವಳಿಗೆ ಗೊತ್ತಿತ್ತೋ ಇಲ್ಲವೋ, ಎತ್ತಲಿಲ್ಲ. ಹೆಪ್ಪು ಹಾಕಿ ಕೊಟ್ಟೆ. ಗ್ಲಾಸಿನ ಅಂಚನ್ನು ಬೆರಳಿನಲ್ಲಿ ಒರೆಸಿಕೊಂಡು ಮೆಟ್ಟಿಲು ಇಳಿದವಳು, ಏನೋ ನೆನಪಾದವಳ ಹಾಗೆ ತಿರುಗಿದಳು.

"ಅಲ್ಲ ಮಾರಾಯ್ತಿ, ನಿಮ್ಮ ಬಾಣದ ಸದ್ದು ಕೇಳಿದ ಮೇಲೆಯೇ ನಾನು ದಿನಾ ಕುಚ್ಚಲಕ್ಕಿ ಒಲೆಗಿಡುದು. ಇವತ್ತು ಸದ್ದೇ ಇಲ್ಲ, ನಮ್ಮಲ್ಲಿ ಊಟ ಆಗುವಾಗ ಮೂರು ಗಂಟೆ. ನಾಳೆ ಉಂಟಲ್ವಾ?"