ಮಳಲ ದಂಡೆಯ ನೀರಗಂಟಿ

ಇದನ್ನು ಬರೆಯಬೇಕೆಂದು ಹಿಂದೆ ಎರಡು ಸಲ ಕೂತಿದ್ದೆ. ಮೊದಲ ಸಲ ನನ್ನ ಹೆಂಡತಿ ಬದುಕಿದ್ದಳು. ಏನು ಬರೆಯುತ್ತಿದ್ದೀರಿ ಎಂದು ಕೇಳಿದಳು. ಸ್ಕೂಲಿನ ಹಳೆಯ ನೆನಪು ಎಂದು ಹೇಳಿ, ಅವಳು ಆ ಕಡೆ ಹೋದ ಮೇಲೆ ಹರಿದು ಬಚ್ಚಲೊಲೆಗೆ ಹಾಕಿದೆ. ಎರಡನೆಯ ಸಲ ಕಣ್ಣಿನ ಪೊರೆಯ ನೆಪ ಸಿಕ್ಕಿತು. ಪೊರೆ ತೆಗೆಸಿ ಈಗ ಎರಡು ವರ್ಷ. ಅಕ್ಷರಗಳು ಚೆನ್ನಾಗಿಯೇ ಕಾಣುತ್ತವೆ.

ಆ ಮನುಷ್ಯನನ್ನು ನಾನು ಮೊದಲು ನೋಡಿದಾಗ ಅವನು ಹೊಳೆಯ ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಲ್ಲು ನೆಕ್ಕುತ್ತಿದ್ದ. ಒಂದನ್ನು ಎತ್ತಿ, ಅಂಗೈಯಲ್ಲಿ ತೂಗಿ, ನಾಲಿಗೆಯ ತುದಿಗೆ ಮುಟ್ಟಿಸಿ ಕಣ್ಣು ಮುಚ್ಚುವನು. ಆಮೇಲೆ ಎಸೆಯುವನು. ಇನ್ನೊಂದನ್ನು ಎತ್ತುವನು. ಐವತ್ತರ ಹತ್ತಿರದ ವಯಸ್ಸು, ಮೊಣಕಾಲಿನವರೆಗೆ ಕೆಸರು ಒಣಗಿ ಬಿಳಿಚಿಕೊಂಡ ಕಾಲು, ಪಕ್ಕದಲ್ಲಿ ಗೆರೆ ಕೊರೆದ ಒಂದು ಉದ್ದನೆಯ ಕೋಲು. ಬುದ್ಧಿ ಸ್ವಾಧೀನದಲ್ಲಿಲ್ಲದವನು ಎಂದುಕೊಂಡೆ. ನನ್ನ ಪೆಟ್ಟಿಗೆ ಹೊತ್ತು ಬರುತ್ತಿದ್ದವನು ನಕ್ಕ. "ಅವ್ನು ನಮ್ಮೂರ ನೀರಗಂಟಿ ಕಣ್ರೀ ಮೇಷ್ಟ್ರೇ. ಕಲ್ಲಿಗೆ ಉಪ್ಪು ಸಾಕಾ ಅಂತ ನೋಡ್ತಾ ಅವ್ನೆ."

ನಾನು ಗಾವಡಗೆರೆಯ ಕಡೆಯವನು. ಹೈಸ್ಕೂಲು ಮುಗಿಸಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮೇಷ್ಟರ ಕೆಲಸ ಸಿಕ್ಕಿ ಆ ಊರಿಗೆ ಬಂದಿದ್ದೆ. ಮಹಾರಾಜರ ಕಾಲ. ಲಕ್ಷ್ಮಣತೀರ್ಥದ ಮೇಲೆ, ಕಟ್ಟೆಮಳಲವಾಡಿಯಿಂದ ಇನ್ನೂ ಮೇಲಕ್ಕೆ ಇರುವ ಊರು. ಹೆಸರು ಬರೆಯುವುದಿಲ್ಲ, ಈಗ ಅಲ್ಲಿರುವವರು ಯಾರೂ ಇದಕ್ಕೆ ಹೊಣೆಯಲ್ಲ. ಪಟೇಲರ ಮನೆಯ ಹೊರಕೋಣೆಯಲ್ಲಿ ನನ್ನ ವಾಸ, ಅವರ ಮನೆಯಲ್ಲೇ ಊಟ.

ಹೊಳೆಗೆ ಅಡ್ಡಲಾಗಿ ಹಾಕಿದ ಕಟ್ಟೆಯಿಂದ ಹೊರಡುವ ನಾಲೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನಡೆಸುವುದು ನೀರಗಂಟಿಯ ಕೆಲಸ. ಅವನಪ್ಪ, ಅವನಜ್ಜ ಮಾಡಿಕೊಂಡು ಬಂದದ್ದು. ಸುಗ್ಗಿಯಲ್ಲಿ ಒಂದೊಂದು ಕಣದಿಂದ ಮೊರದಷ್ಟು ಭತ್ತ ಅವನಿಗೆ ಬರುತ್ತಿತ್ತು, ಬದುಕು ನಡೆಯುತ್ತಿದ್ದದ್ದು ಅದರಲ್ಲೇ. ಮನೆ ಊರಿನ ಹೊರಗೆ ಕೇರಿಯಲ್ಲಿ. ಯಾರ ಜಗಲಿಯನ್ನೂ ಅವನು ಹತ್ತುವಂತಿರಲಿಲ್ಲ. ಆದರೆ ಎಲ್ಲರ ಗದ್ದೆಯೂ ಅವನ ಕೈಯಿಂದಲೇ ನೆನೆಯಬೇಕಿತ್ತು.

ಬೇಸಗೆಯ ಒಂದು ಮಧ್ಯಾಹ್ನ ಪಟೇಲರ ಜೊತೆ ನಾಲೆಯ ಏರಿಯ ಮೇಲೆ ಹೋಗಿದ್ದೆ. ಪಟೇಲರು ತೂಬಿನ ಹತ್ತಿರ ನಿಂತರು.

"ಏನ್ಲಾ, ನನ್ ಗದ್ದೆ ಬಿರುಕು ಬುಡ್ತಾ ಅದೆ. ಒಂದ್ ಗಳಿಗೆ ಈ ಕಡೆ ತಿರುಗ್ಸುದ್ರೆ ನಿನ್ ಗಂಟೇನ್ ಓಯ್ತದೆ?"

"ನನ್ ಗಂಟು ಏನದೆ ಬುದ್ದಿ ಓಗಾಕೆ. ಈಗ ಕರಿಗೌಡ್ರ ಸರದಿ. ಅವ್ರು ಬಂದು ಬುಡು ಅನ್ಲಿ, ಬುಡ್ತೀನಿ."

"ನಾನು ಈ ಊರ ಪಟೇಲ ಕಣ್ಲಾ."

"ಅದ್ಕೇ ಬುದ್ದಿ. ನಿಮ್ಗೆ ಬುಟ್ಟು, ನಾಳೆ ಇನ್ನೊಬ್ರಿಗೆ ಇಲ್ಲ ಅಂತ ಯಾವ ಬಾಯಲ್ಲಿ ಯೋಳ್ಲಿ?"

ಕೈ ಮುಗಿದುಕೊಂಡೇ ಹೇಳಿದ. ತಲೆ ಎತ್ತಲೇ ಇಲ್ಲ. ಪಟೇಲರು ಅಲ್ಲಿಂದ ತಿರುಗಿ ನಡೆದರು. ಮನೆಯ ಮೆಟ್ಟಿಲು ಹತ್ತುವಾಗ, "ಇವನಿಗೆ ಒಂದು ದಿನ ಅದೆ," ಎಂದರು.

ಕಟ್ಟೆಯ ಕೆಳಗೆ ಹೊಳೆ ತಿರುಗುವಲ್ಲಿ ಅಗಲವಾದ ಮಳಲ ದಂಡೆಯಿತ್ತು. ಅದು ಊರಿಗೆಲ್ಲ ಸೇರಿದ ಜಾಗ. ಬಟ್ಟೆ ಒಗೆಯುವವರು, ದನ ತೊಳೆಯುವವರು, ಈಜುವವರು ಎಲ್ಲರೂ ಅಲ್ಲೇ. ದಂಡೆಯ ಕೊನೆಯಲ್ಲಿ ಒಂದು ಮಡು. ಹೆಣ ಸುಡುವ ಪದ್ಧತಿಯ ಮನೆಗಳವರು ಮೂರನೆಯ ದಿನ ಅಸ್ಥಿ ತಂದು ಆ ಮಡುವಿಗೆ ಬಿಡುತ್ತಿದ್ದರು. ಬೇಸಗೆಯಲ್ಲಿ ನೀರು ಇಳಿದಾಗ ಮಳಲಿನ ಕೆಳಗಿನ ಗರಸು ತೆರೆದುಕೊಳ್ಳುತ್ತಿತ್ತು. ನೀರಗಂಟಿ ಹುಡುಕುತ್ತಿದ್ದದ್ದು ಆ ಗರಸಿನಲ್ಲಿ.

ಎಷ್ಟೋ ವರ್ಷದ ಹಿಂದೆ ಕಲ್ಲು ಪರೀಕ್ಷೆ ಮಾಡುವ ಅಧಿಕಾರಿಯೊಬ್ಬರು ಮೈಸೂರಿನಿಂದ ಬಂದು ಬಂಗಲೆಯಲ್ಲಿ ಇಳಿದಿದ್ದರಂತೆ. ಅವರ ಚೀಲ ಹೊರಲು ಇವನನ್ನು ಕೊಟ್ಟಿದ್ದರು. ಕಾಲ ಕಳೆದು ಕಲ್ಲಾಗಿ ಹೋದ ಮೂಳೆಗಳು ಹೊಳೆಯಲ್ಲಿ ಸಿಗುತ್ತವೆಂದು ಅವರು ಇವನಿಗೆ ತೋರಿಸಿಕೊಟ್ಟರು. ಬರೀ ಕಲ್ಲಾದರೆ ನಾಲಿಗೆಯಿಂದ ಜಾರುತ್ತದೆ. ಕಲ್ಲಾದ ಮೂಳೆ ಅಂಟಿಕೊಳ್ಳುತ್ತದೆ. "ಅವ್ರು ದೊಡ್ ಜಾತಿಯೋರೇ ಮೇಷ್ಟ್ರೇ, ಜುಟ್ಟು ಬುಟ್ಟಿದ್ರು. ಅವ್ರೇ ಮೊದ್ಲು ನೆಕ್ಕೋರು. ಆಮೇಲೆ ನಂಗೆ ಕೊಡೋರು." ಇದನ್ನು ಹೇಳುವಾಗ ಪ್ರತಿ ಸಲವೂ ಅವನು ಸುತ್ತ ನೋಡಿ ದನಿ ತಗ್ಗಿಸುತ್ತಿದ್ದ. ಆ ಅಧಿಕಾರಿ ಅವನ ಕೈಯ ಕಲ್ಲನ್ನೂ ತೆಗೆದುಕೊಂಡು ನಾಲಿಗೆಗೆ ಮುಟ್ಟಿಸಿದ್ದರಂತೆ. ಅವನ ಬದುಕಿನಲ್ಲಿ ಅಂಥದ್ದು ಇನ್ನೊಂದು ನಡೆದಿರಲಿಲ್ಲ.

ಭಾನುವಾರಗಳಲ್ಲಿ ನಾನೂ ಜೊತೆಗೆ ಹೋಗತೊಡಗಿದೆ. ಊರಿನಲ್ಲಿ ಮಾತಾಡಲು ನನಗೆ ಯಾರೂ ಇರಲಿಲ್ಲ. ಬಿಸಿಲು ಎದುರಿಗಿರುವಂತೆ ನಡೆಯಬೇಕು, ಆಗ ಮೂಳೆಯ ಹೊಳಪೇ ಬೇರೆಯಾಗಿ ಕಾಣುತ್ತದೆ ಎಂದು ಕಲಿಸಿದ. ಅಗೆಯಲು ಮಾತ್ರ ಬಿಡುತ್ತಿರಲಿಲ್ಲ. "ಹೊಳೆ ತಾನಾಗಿ ಈಚೆಗೆ ಆಕಿದ್ದ ಎತ್ಕಳ್ಳಿ ಮೇಷ್ಟ್ರೇ. ಒಳಗಿರೋದು ಅದ್ರುದ್ದು." ನಾನು ತಂದು ತೋರಿಸಿದ್ದನ್ನೆಲ್ಲ ಗಂಭೀರವಾಗಿ ತೂಗಿ, "ಇದು ಮಡಕೆ ಚೂರು, ಪುಣ್ಯಾತ್ಮ ಯಾರೋ ಹೋದ ವರ್ಸ ಒಡ್ದವ್ನೆ," ಎನ್ನುವನು. ಮೂರು ತಿಂಗಳಲ್ಲಿ ನನಗೆ ಒಂದೂ ಸಿಗಲಿಲ್ಲ. ನನ್ನ ತಂದೆಯ ವಯಸ್ಸಿನವನನ್ನು ನಾನು ನೀನು ಎಂದೇ ಕರೆಯುತ್ತಿದ್ದೆ. ಅದು ತಪ್ಪೆಂದು ಆಗ ಹೊಳೆದಿರಲಿಲ್ಲ.

ಆ ಬೇಸಗೆಯಲ್ಲಿ ಅವನಿಗೆ ಒಂದು ಹಲ್ಲು ಸಿಕ್ಕಿತು. ನನ್ನ ಅಂಗೈಗಿಂತ ದೊಡ್ಡದು, ಕಂದು ಬಣ್ಣ, ಮೇಲೆ ಹೊಸದಾಗಿ ಮುಳ್ಳು ಹಾಕಿಸಿದ ಬೀಸುವ ಕಲ್ಲಿನಂತೆ ಸಾಲುಸಾಲು ಗೆರೆ. ನಾಲಿಗೆಗೆ ಮುಟ್ಟಿಸಿ ನನ್ನ ಕಡೆ ಚಾಚಿದ. ನಾನೂ ಮುಟ್ಟಿಸಿದೆ. ಅಂಟಿಕೊಂಡಿತು.

ಆಚೆ ಬಟ್ಟೆ ಒಗೆಯುತ್ತಿದ್ದ ಗೌರಮ್ಮ ಕೂಗಿ ಕೇಳಿದಳು. "ಏನ್ ಸಿಕ್ತೋ ನೀರಗಂಟಿ, ಹೊನ್ನಾ?"

"ಹಲ್ಲು ಕಣವ್ವಾ. ಇಷ್ಟಗಲ ಅದೆ ನೋಡಿ. ನಿಮ್ಮತ್ತೆಮ್ಮಂದೇ ಇರ್ಬೇಕು."

ಒಗೆಯುತ್ತಿದ್ದ ಹೆಂಗಸರೆಲ್ಲ ನಕ್ಕರು. ಗೌರಮ್ಮನ ಅತ್ತೆ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಸ್ಥಿ ಬಿಟ್ಟದ್ದು ಅದೇ ಮಡುವಿನಲ್ಲಿ. ಎಲ್ಲರಿಗಿಂತ ಜೋರಾಗಿ ನಕ್ಕವಳು ಗೌರಮ್ಮನೇ. "ಹುಷಾರು ಕಣೋ, ಇನ್ನೂ ಕಚ್ಚೀತು," ಎಂದಳು.

ಆ ಹಲ್ಲನ್ನು ಮೈಸೂರಿಗೆ, ಕಲ್ಲು ಪರೀಕ್ಷೆಯ ಕಚೇರಿಗೆ ಕಳಿಸೋಣ ಎಂದವನು ನಾನು. ಅವನಿಗೆ ಸಂತೋಷವಾಯಿತು. "ನೀರಗಂಟಿಗೆ ಸಿಕ್ತು ಅಂತ ಬರೀರಿ ಮೇಷ್ಟ್ರೇ. ಆ ಸಾಹೇಬ್ರಿಗೆ ನೆಪ್ಪಿರ್ತದೆ." ನಾನು ಇಂಗ್ಲಿಷಿನಲ್ಲಿ ಕಾಗದ ಬರೆದೆ. ಈ ಹಲ್ಲು ಲಕ್ಷ್ಮಣತೀರ್ಥದ ದಂಡೆಯಲ್ಲಿ ನನಗೆ ಸಿಕ್ಕಿತು ಎಂದು ಬರೆದೆ. ಬರೆಯುವಾಗ ಕೈ ತಡೆಯಲಿಲ್ಲ. ಮೈಸೂರಿನಲ್ಲಿ ದೊಡ್ಡವರೊಬ್ಬರಿಗೆ ನನ್ನ ಹೆಸರು ಗೊತ್ತಾಗುತ್ತದೆ ಎಂಬುದಷ್ಟೇ ತಲೆಯಲ್ಲಿತ್ತು. ಅವನಿಗೆ ಓದಿ ಹೇಳುವಾಗ ಮಾತ್ರ, ನೀರಗಂಟಿಗೆ ಸಿಕ್ಕಿತು, ಎಂದು ಕನ್ನಡದಲ್ಲಿ ಓದಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಇನ್ನೊಂದು ಸಲ ಓದಿ ಎಂದ. ಇನ್ನೊಂದು ಸಲವೂ ಹಾಗೆಯೇ ಓದಿದೆ.

ಹುಣಸೂರಿನ ಅಂಚೆಯಲ್ಲಿ ಕಳಿಸಿ ಎರಡು ತಿಂಗಳಾದ ಮೇಲೆ, ಒಂದು ಗುರುವಾರ, ಉತ್ತರ ಬಂತು. ತಾವು ಕಂಡುಹಿಡಿದ ಹಲ್ಲು ಈಗ ಇಲ್ಲವಾಗಿರುವ ಒಂದು ಜಾತಿಯ ಆನೆಯದು, ಆ ದಂಡೆಯಲ್ಲಿ ಮನುಷ್ಯರು ಊರು ಕಟ್ಟುವುದಕ್ಕೆ ಎಷ್ಟೋ ಮೊದಲಿನದು, ಅದನ್ನು ತಮ್ಮ ಹೆಸರಿನೊಂದಿಗೆ ಗಾಜಿನ ಬೀರುವಿನಲ್ಲಿ ಇಡುತ್ತೇವೆ, ಇನ್ನೂ ಇದ್ದರೆ ಕಳಿಸಿ ಎಂದು ಬರೆದಿದ್ದರು. ಭಾನುವಾರ ದಂಡೆಗೆ ಹೋದಾಗ ನನಗೆ ಬೇಕಾದ ಹಾಗೆ ಓದಿ ಹೇಳಿದರಾಯಿತೆಂದು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡೆ.

ಭಾನುವಾರದವರೆಗೆ ವಿಷಯ ಕಾಯಲಿಲ್ಲ. ನೀರಗಂಟಿಯ ಮನೆಯಲ್ಲಿ ಊರಿನವರ ಅಸ್ಥಿ ಇದೆ, ಅದನ್ನು ಅವನು ನೆಕ್ಕಿ ಮಾಟ ಮಾಡುತ್ತಾನೆ, ಅದಕ್ಕೇ ಹೊಳೆ ಬತ್ತಿದೆ ಎಂಬ ಮಾತು ಆ ವಾರ ಊರೆಲ್ಲ ಸುತ್ತಿತ್ತು. ಎಲ್ಲಿಂದ ಹೊರಟಿತೆಂದು ಹೇಳಬೇಕಾಗಿಲ್ಲ. ಪಟೇಲರ ಗದ್ದೆಗೆ ಅವನು ಮತ್ತೊಮ್ಮೆ ಇಲ್ಲ ಎಂದಿದ್ದ. ಶನಿವಾರ ಚಾವಡಿಯಲ್ಲಿ ನ್ಯಾಯ ಸೇರಿತು. ಅವನನ್ನು ಯಾರೂ ಎಳೆದು ತರಲಿಲ್ಲ. ಹೊಳೆಯಲ್ಲಿ ಸಿಕ್ಕ ಮೂಳೆಗಳನ್ನು ತುಂಬಿಟ್ಟಿದ್ದ ಮಣ್ಣಿನ ಗುಡಾಣವನ್ನು ತಾನೇ ಹೊತ್ತು ತಂದು ಅಂಗಳದಲ್ಲಿಟ್ಟು ದೂರ ನಿಂತ. ನೋಡಿದರೆ ಎಲ್ಲರಿಗೂ ಅರ್ಥವಾಗುತ್ತದೆಂದು ಅವನು ನಂಬಿದ್ದ.

"ಯಾರ ಮೂಳೆ ಇವು?" ಎಂದರು ಪಟೇಲರು.

"ಯಾವ್ದೋ ಪ್ರಾಣಿದು ಬುದ್ದಿ. ಕಲ್ಲಾಗೋಗವೆ. ಕೈಯಲ್ಲಿ ತೂಗಿ ನೋಡಿ, ನಮ್ಮ ಮೂಳೆ ಇಷ್ಟು ತೂಕ ಬತ್ತದಾ?"

ಅವನು ಹೊತ್ತು ತಂದದ್ದನ್ನು ಯಾರು ಮುಟ್ಟುತ್ತಾರೆ. ಯಾರೂ ಮುಟ್ಟಲಿಲ್ಲ.

ಗೌರಮ್ಮನನ್ನು ಕರೆಸಿದರು. ಅವಳು ಗಂಡನ ಹಿಂದೆ ನಿಂತು ನೆಲ ನೋಡುತ್ತ, "ನಮ್ಮತ್ತೆ ಹಲ್ಲು ಅಂತ ಅವ್ನು ಯೋಳಿದ್ದು ದಿಟ," ಎಂದಳು.

"ಅವ್ವಾ, ನೀವೂ ನಗ್ಲಿಲ್ವಾ?" ಎಂದ ಅವನು. ಅವಳು ಸೆರಗು ಎಳೆದುಕೊಂಡಳು.

ಆಗ ಅವನು ನನ್ನ ಕಡೆ ತಿರುಗಿದ. "ಮೇಷ್ಟ್ರು ಬಲ್ರು. ಮೈಸೂರಿಗೆ ಕಾಗ್ದ ಬರ್ದವ್ರೆ. ಅವ್ರ ಕೇಳಿ."

ಶಾನುಭೋಗರು ಕನ್ನಡಕ ಏರಿಸಿಕೊಂಡು ನನ್ನ ಕಡೆ ಕೈ ನೀಡಿದರು. ಆ ಊರಿನಲ್ಲಿ ನನ್ನ ಬಿಟ್ಟರೆ ಇಂಗ್ಲಿಷ್ ಬಲ್ಲವರು ಅವರೊಬ್ಬರೇ. "ಉತ್ತರ ಬಂದಿದ್ದರೆ ಕೊಡಿ ಮೇಷ್ಟ್ರೇ, ನಾನೇ ಓದುತ್ತೇನೆ."

ಕಾಗದ ಎದೆಗೆ ಒತ್ತಿಕೊಂಡಿತ್ತು. ಕೊಟ್ಟಿದ್ದರೆ ನ್ಯಾಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಾವು ಕಂಡುಹಿಡಿದ ಹಲ್ಲು, ತಮ್ಮ ಹೆಸರಿನೊಂದಿಗೆ, ಎಂಬುದನ್ನು ಶಾನುಭೋಗರು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಅವನು ಅದನ್ನು ಕೇಳುತ್ತಿದ್ದ. ನನಗೆ ಪಟೇಲರ ಹೆದರಿಕೆ ಇರಲಿಲ್ಲ ಎಂದಲ್ಲ. ಆದರೆ ಬಾಯಿ ಕಟ್ಟಿದ್ದು ಅದಲ್ಲ, ಇದು.

"ಇಲ್ಲ. ಏನೂ ಬಂದಿಲ್ಲ," ಎಂದೆ.

"ನಿಮ್ಗೇನನ್ನಿಸ್ತದೆ, ಇವು ಕಲ್ಲೋ ಮೂಳೆಯೋ?" ಎಂದರು ಪಟೇಲರು.

"ಮೂಳೆ ಇದ್ದ ಹಾಗೆ ಕಾಣುತ್ತದೆ. ನಾನು ಬಲ್ಲವನಲ್ಲ."

ಅವನು ಗೋಗರೆಯಲಿಲ್ಲ. "ಒಂದು ವಾರ ತಡೀರಿ ಬುದ್ದಿ, ಕಾಗ್ದ ಬತ್ತದೆ," ಎಂದ. ಸೇರಿದ್ದವರು ನಕ್ಕರು. ಗುಡಾಣವನ್ನು ಅವನ ತಲೆಯ ಮೇಲೇ ಹೊರಿಸಿ, ಮಡುವಿನವರೆಗೆ ಜೊತೆಗೆ ನಡೆದು, ಒಂದೂ ಉಳಿಯದಂತೆ ನೀರಿಗೆ ಹಾಕಿಸಿದರು. ನಾನೂ ಹೋಗಿದ್ದೆ. ಇಪ್ಪತ್ತು ವರ್ಷ ಹೊಳೆ ಕೊಟ್ಟದ್ದನ್ನು ಆರಿಸಿ ಇಟ್ಟವನು ಒಂದೊಂದನ್ನೇ ಕೈಯಲ್ಲಿ ತೂಗಿ ಬಿಟ್ಟ. ಸಂಜೆ ನೀರು ಅಳೆಯುವ ಆ ಗೆರೆ ಕೊರೆದ ಕೋಲನ್ನು ಚಾವಡಿಯ ಮೆಟ್ಟಿಲ ಕೆಳಗೆ ಇಟ್ಟು ಹೋದ. ನೀರಗಂಟಿಕೆ ಪಟೇಲರ ಆಳಿಗೆ ಆಯಿತು. ಆ ವರ್ಷ ಕರಿಗೌಡರ ಗದ್ದೆ ಒಣಗಿತು.

ಹದಿನೈದು ದಿನದಲ್ಲಿ ಅವನು ಹೆಂಡತಿಯನ್ನು ಕರೆದುಕೊಂಡು ಕೊಡಗಿನ ಕಾಫಿ ತೋಟಕ್ಕೆ ಹೊರಟುಹೋದ.

ಐದಾರು ವರ್ಷದ ಮೇಲೆ ಪಿರಿಯಾಪಟ್ಟಣದ ತಾಲ್ಲೂಕಿಗೆ ನನಗೆ ವರ್ಗವಾಗಿತ್ತು. ಹಾರನಹಳ್ಳಿಯ ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ, "ಮೇಷ್ಟ್ರೇ, ಸಂದಾಗಿದ್ದೀರಾ?" ಎಂದರು. ಗುರುತು ಹತ್ತಲು ಹೊತ್ತಾಯಿತು. ಮೈ ಅರ್ಧವಾಗಿತ್ತು, ಕಣ್ಣು ಹಳದಿ. ಹೆಂಡತಿ ತೋಟದ ಚಳಿಜ್ವರದಲ್ಲಿ ಹೋದಳು ಎಂದ. ಅಲ್ಲಿಯ ಹಳ್ಳದಲ್ಲೂ ನೋಡಿದೆ, ಬರೀ ಕಲ್ಲು ಎಂದ. ಆಮೇಲೆ ಹತ್ತಿರ ಬಂದು, ಹಿಂದಿನ ಹಾಗೆಯೇ ದನಿ ತಗ್ಗಿಸಿ ಕೇಳಿದ.

"ಆಮೇಲಾದ್ರೂ ಬಂತಾ ಮೇಷ್ಟ್ರೇ, ಆ ಕಾಗ್ದ?"

ಅಲ್ಲಿ ಪಟೇಲರಿರಲಿಲ್ಲ. ಶಾನುಭೋಗರಿರಲಿಲ್ಲ. ನಮ್ಮ ಪರಿಚಯದವರು ಯಾರೂ ಇರಲಿಲ್ಲ. ಬಂತು ಎಂಬ ಒಂದು ಮಾತಿಗೆ ನಾನು ಕಳೆದುಕೊಳ್ಳುವುದು ಏನೂ ಇರಲಿಲ್ಲ.

"ಇಲ್ಲ," ಎಂದೆ.

"ಹಂಗಾರೆ ಆ ಸಾಹೇಬ್ರು ತೀರ್ಕಂಡಿರ್ಬೇಕು ಬುಡಿ. ಇದ್ದಿದ್ರೆ ಬರೀದೇ ಇರೋರಲ್ಲ," ಎಂದ. ಜೊತೆಯ ಕೂಲಿಗಳು ಕರೆದರು. ಕೈ ಮುಗಿದು ಹೋದ. ಮತ್ತೆ ನಾನು ಅವನನ್ನು ನೋಡಲಿಲ್ಲ. ಎರಡು ಮಳೆಗಾಲದ ಮೇಲೆ ತೋಟದಲ್ಲೇ ಸತ್ತನೆಂದು ಸುದ್ದಿ ಬಂತು.

ಮುಂದೆ ಒಂದು ಸಲ ಸ್ಕೂಲಿನ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋದಾಗ ಆ ಕಚೇರಿಯ ಗಾಜಿನ ಬೀರುವಿನಲ್ಲಿ ಆ ಹಲ್ಲನ್ನು ಕಂಡೆ. ಕೆಳಗೆ ಚೀಟಿ, ಚೀಟಿಯಲ್ಲಿ ನನ್ನ ಹೆಸರು. ಮಕ್ಕಳು ಓದಿ ಚಪ್ಪಾಳೆ ತಟ್ಟಿದರು. ನಾನು ಅವರಿಗೆ ಸಾಲಾಗಿ ನಿಲ್ಲಲು ಹೇಳಿದೆ.

ಕಳೆದ ತಿಂಗಳು ಮೊಮ್ಮಗಳನ್ನು ಅಲ್ಲಿಗೆ ಕಳಿಸಿ ವಿಚಾರಿಸಿದೆ. ಚೀಟಿ ಬದಲಾಯಿಸಿ ಎಂದು ಒಂದು ಅರ್ಜಿಯನ್ನೂ ಬರೆದು ಕೊಟ್ಟಿದ್ದೆ. ಆ ಬೀರು ಈಗ ಇಲ್ಲ, ಹಲ್ಲು ಎಲ್ಲಿ ಹೋಯಿತೆಂದು ಅಲ್ಲಿರುವವರಿಗೆ ತಿಳಿಯದು ಎಂದು ಅರ್ಜಿಯನ್ನು ವಾಪಸು ತಂದಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಲಕ್ಷ್ಮಣತೀರ್ಥದ ಆ ದಂಡೆಯಲ್ಲಿ ಆನೆಯ ಹಲ್ಲು ಸಿಕ್ಕಿದ್ದು ನನಗಲ್ಲ. ಅದನ್ನು ಕಂಡವರು ನೀರಗಂಟಿ ಮಂಚಯ್ಯನವರು.