ಟ್ರೇಸರಮ್ಮ ಮತ್ತು ಹೆಸರಿಲ್ಲದ ಗೆರೆ

ಅವರ ಬಲಗೈ ನಡುಬೆರಳಿನ ಪಕ್ಕದಲ್ಲಿ, ಉಗುರಿಗೆ ತುಸು ಕೆಳಗೆ, ಒಂದು ಅವರೆಕಾಳು ಕೂರುವಷ್ಟು ಹಳ್ಳವಿತ್ತು. ಇಪ್ಪತ್ತು ವರ್ಷ ಶಾಯಿಯ ಪೆನ್ನು ಒತ್ತಿ ಒತ್ತಿ ಬಿದ್ದ ಹಳ್ಳ ಅದು. ಪೆನ್ನು ಹೋಗಿ ಕಂಪ್ಯೂಟರ್ ಬಂದ ಮೇಲೂ ತುಂಬಿಕೊಂಡಿರಲಿಲ್ಲ. ನಾನು ಮಳವಳ್ಳಿ ಕಡೆಯ ಒಂದು ನೀರಾವರಿ ಕಚೇರಿಗೆ ಹೊಸ ಎಂಜಿನಿಯರಾಗಿ ಬಂದ ದಿನ ಮೊದಲು ಕಣ್ಣಿಗೆ ಬಿದ್ದದ್ದು ಮೌಸಿನ ಮೇಲಿದ್ದ ಆ ಬೆರಳೇ.

ಕಚೇರಿಯವರೆಲ್ಲ ಅವರನ್ನು ಟ್ರೇಸರಮ್ಮ ಎನ್ನುತ್ತಿದ್ದರು. ನಾಲೆಗಳ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ ಗೆರೆ ತೆಗೆಯುವುದು ಅವರ ಮೂಲ ಕೆಲಸ. ಆ ಕೆಲಸವೇ ಇಲ್ಲವಾದಾಗ ಉಳಿದವರು ಟಪಾಲು ವಿಭಾಗಕ್ಕೆ ಹೋಗಿ ಕೂತರು. ಇವರು ಮಾತ್ರ ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತರು. ದಿನಾ ಮದ್ದೂರಿನಿಂದ ಬಸ್ಸಿನಲ್ಲಿ ಬಂದು, ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಸೆರಗಿನಲ್ಲಿ ಪರದೆ ಒರೆಸಿ ಕೆಲಸಕ್ಕೆ ಕೂರುತ್ತಿದ್ದರು. ನನ್ನ ತಾಯಿಯ ವಯಸ್ಸಿನವರು, ನನ್ನನ್ನು ಸಾರ್ ಎನ್ನುತ್ತಿದ್ದರು. ನಾನಾಗ ಅದಕ್ಕೆ ಉಬ್ಬುತ್ತಿದ್ದೆ ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ಆ ವರ್ಷ ಪೂರಿಗಾಲಿ ಕಡೆಯ ಒಂದು ಕವಲು ನಾಲೆಗೆ ಕಾಂಕ್ರೀಟು ಹಾಕುವುದಿತ್ತು. ಅದಕ್ಕೆ ಮುಂಚೆ ಊರಿನವರಿಗೆ ನಕ್ಷೆ ತೋರಿಸಿ ಒಪ್ಪಿಗೆ ಪಡೆಯಬೇಕು. ನೀರು ಹರಿಯುವುದನ್ನೇ ಸ್ಲೈಡಿನಲ್ಲಿ ಆಡಿಸಿ ತೋರಿಸೋಣ ಎಂದು ಸಾಹೇಬರ ಮುಂದೆ ಕೊಚ್ಚಿಕೊಂಡವನು ನಾನು. ನಕ್ಷೆಯನ್ನು ತಂದು ಸ್ಲೈಡಿಗೆ ಹಾಕಿ ಬಿಡಿ ಭಾಗಗಳಾಗಿ ಬಿಡಿಸಿದೆ. ಅದು ಕೆಳಗೆ ಬಿದ್ದ ಗಾಜಿನ ಬಳೆಯ ಹಾಗೆ ನೂರಾರು ಚೂರಾಯಿತು. ಬದಿಯ ಪಟ್ಟಿಯಲ್ಲಿ ಪ್ರತಿ ಚೂರಿಗೂ ಯಂತ್ರವೇ ಇಟ್ಟ ಹೆಸರು: ಫ್ರೀಫಾರ್ಮ್ 213, ಫ್ರೀಫಾರ್ಮ್ 214, ಗ್ರೂಪ್ 37. ಯಾವುದು ನೀರು, ಯಾವುದು ರಸ್ತೆ, ದೇವರಿಗೇ ಗೊತ್ತು. ಅಂದಾಜಿನ ಮೇಲೆ ಚಲನೆ ಕೊಟ್ಟು ಸಾಹೇಬರ ಎದುರು ಗುಂಡಿ ಒತ್ತಿದೆ. ನಾಲೆ ನಿಂತಲ್ಲೇ ನಿಂತಿತ್ತು. ಊರ ದೇವಸ್ಥಾನ ನಿಧಾನವಾಗಿ ಹರಿದುಕೊಂಡು ಹೋಗಿ ಗದ್ದೆಗೆ ಬಿತ್ತು.

ಸಾಹೇಬರು ನಕ್ಕು ಎದ್ದು ಹೋದರು. ಟ್ರೇಸರಮ್ಮ ನಗಲಿಲ್ಲ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಮೊದ್ಲು ಹೆಸ್ರು ಕಟ್ಬೇಕು ಸಾರ್. ಹಟ್ಟಿ ತುಂಬ ದನ ಕಟ್ಕಂಡು ಒಂದುಕ್ಕೂ ಹೆಸ್ರಿಲ್ದಿದ್ರೆ ಯಾವುದ್ನ ಅಂತ ಕರೀತೀರಿ?" ಎಂದರು.

ನಾಲ್ಕು ದಿನ ಕೂತರು. ಒಂದೊಂದು ಚೂರನ್ನೂ ಒತ್ತಿ, ಅದು ಎಲ್ಲಿ ಮಿನುಗುತ್ತದೆ ನೋಡಿ, ಹೆಸರು ಬರೆದರು. ನೀರು ಅಂದರೆ ನೀರಿನಿಂದಲೇ ಹೆಸರು ಶುರು: ನೀರು ಮೇಲಿನ ಕವಲು, ನೀರು ಕೆಳಗಿನ ಕವಲು. ನಾಲೆಯಿಂದ ಗದ್ದೆಗೆ ನೀರು ಬಿಡುವ ತೂಬುಗಳದ್ದು ಬೇರೆ ಸಾಲು: ತೂಬು ಹುಣಸೆಮರ, ತೂಬು ಪಟೇಲರ ಗದ್ದೆ, ತೂಬು ಮುರುಕಲು ಸೇತುವೆ. ತೂಬುಗಳಿಗೆ ಇಲಾಖೆಯ ನಂಬರ್ ಇದೆಯಲ್ಲ, ಅದನ್ನೇ ಹಾಕಿ ಮುಗಿಸಿ ಎಂದೆ. "ನಂಬ್ರು ನಮ್ಗೆ ಸಾರ್. ಮೀಟಿಂಗ್ನಾಗೆ ಎದ್ದು ಕೇಳೋರು ನಂಬ್ರು ಹೇಳಕಿಲ್ಲ" ಎಂದು, ಊರಿನಲ್ಲಿ ನಾಲೆಯ ನೀರು ನೋಡಿಕೊಳ್ಳುವ ನೀರುಗಂಟಿಗೆ ಫೋನು ಮಾಡಿ ಊರಿನವರ ಬಾಯಲ್ಲಿರುವ ಹೆಸರುಗಳನ್ನೇ ಕೇಳಿ ಕೇಳಿ ಬರೆದುಕೊಂಡರು. ನಾನು ಮನಸ್ಸಿನಲ್ಲೇ, ಈಯಮ್ಮ ಚಲನಚಿತ್ರ ತೆಗೆಯುತ್ತಿದ್ದಾರೋ ನಾಮಕರಣ ಮಾಡುತ್ತಿದ್ದಾರೋ ಎಂದುಕೊಂಡೆ.

ಕೊನೆಗೆ ನಾಲೆಯ ಬಾಲದ ಹತ್ತಿರ ಒಂದು ಗೆರೆ ಉಳಿಯಿತು. ಎಳ್ಳಿನಷ್ಟು ಉದ್ದ, ಓರೆಯಾಗಿ ಹೊರಕ್ಕೆ ಚಾಚಿತ್ತು. ಇಲಾಖೆಯ ಪಟ್ಟಿಯಲ್ಲಿ ಆ ಜಾಗದಲ್ಲಿ ಏನೂ ಇರಲಿಲ್ಲ. ನೀರುಗಂಟಿ ಹೊಸಬ, ಅವನಿಗೂ ತಿಳಿಯದು. ಹಳೆಯ ನಕ್ಷೆಯ ಕಸ ಇರಬೇಕು, ಅಳಿಸಿಬಿಡಿ ಎಂದೆ. "ಆಯ್ತು ಸಾರ್" ಎಂದರು. ಗೆರೆ ಮಾಯವಾಯಿತು.

ಸಭೆ ಊರಿನ ಶಾಲೆಯಲ್ಲಿ, ಮಧ್ಯಾಹ್ನ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದ್ದರು. ಗೋಡೆಯ ಮೇಲೆ ನೀಲಿ ನೀರು ಮೇಲಿಂದ ಇಳಿದು, ಒಂದೊಂದೇ ತೂಬಿನಲ್ಲಿ ಹೊರಳಿ ಗದ್ದೆಗೆ ಹಬ್ಬಿತು. ಜನ ಕೆಮ್ಮುವುದನ್ನೂ ಮರೆತು ನೋಡಿದರು. "ಪಟೇಲ್ರ ತೂಬು ಮುಚ್ಚಿ ಒಸಿ ತೋರ್ಸಿ" ಎಂದು ಒಬ್ಬರು ಕೇಳಿದರೆ, ಟ್ರೇಸರಮ್ಮ ಕಣ್ಣು ಮಿಟುಕಿಸುವುದರೊಳಗೆ ಅದೇ ಚೂರನ್ನು ಹಿಡಿದು ಮುಚ್ಚಿ ತೋರಿಸುತ್ತಿದ್ದರು. ನಾನು ಕೋಲು ಹಿಡಿದು ಎಲ್ಲವೂ ನನ್ನದೇ ಎಂಬಂತೆ ವಿವರಿಸುತ್ತಿದ್ದೆ.

ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತರು. "ಅಪ್ಪಾ, ನಮ್ ಬೇಲಿ ತೂಬು ಎಲ್ಲೋಯ್ತು?"

"ಅಲ್ಲಿ ತೂಬು ಇಲ್ಲಮ್ಮ. ದಾಖಲೆಯಲ್ಲಿಲ್ಲ" ಎಂದೆ.

"ಇಲ್ದಿದ್ರೆ ನಾವು ಮೂರು ಮನೆಯೋರು ಇಷ್ಟು ವರ್ಸ ಯಾವ ನೀರ್ನಾಗೆ ನಾಟಿ ಆಕ್ದೋ ಹೇಳು ಮತ್ತೆ."

ಸಾಹೇಬರು ನನ್ನ ಮುಖ ನೋಡಿದರು. ನಕ್ಷೆಯಲ್ಲಿ ಇಲ್ಲದ ತೂಬಿನ ಬಾಯಿಗೆ ಕಾಂಕ್ರೀಟು ಬೀಳುತ್ತದೆ, ಮೂರು ಮನೆಯ ಗದ್ದೆ ಒಣಗುತ್ತದೆ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಅಳಿಸಿಹಾಕಿಸಿದ ಗೆರೆ ನೆನಪಾಗಿ ಕೋಲು ಕೆಳಗಿಳಿಸಿದೆ.

ಟ್ರೇಸರಮ್ಮ ಗೋಡೆಯ ಮೇಲಿನ ಆಟ ನಿಲ್ಲಿಸಿ ಪಟ್ಟಿ ತೆರೆದರು. "ಅವ್ವಾ, ಅದು ನಾಲೆಗೆ ಇಳಿಯೋ ಸೋಪಾನದ ಕಲ್ಲಿಗಿಂತ ಈಚೆಗೋ ಆಚೆಗೋ?" ಎಂದು ಕೇಳಿದರು.

"ಆಚೆಗೆ ಕಣವ್ವ. ಬೇಲಿ ಮಗ್ಗುಲಲ್ಲಿ."

ಪಟ್ಟಿಯ ತಳದಲ್ಲಿ ಒಂದು ಹೆಸರಿತ್ತು: ಕೇಳಬೇಕು. ಅದರ ಪಕ್ಕದ ಪುಟ್ಟ ಕಣ್ಣಿನ ಗುರುತನ್ನು ಒತ್ತಿದರು. ಗೋಡೆಯ ಮೇಲೆ ಎಳ್ಳಿನಷ್ಟಿದ್ದ ಆ ಗೆರೆ ಬಂದು ಕೂತಿತು. ಅವರು ಅದನ್ನು ಅಳಿಸಿರಲೇ ಇಲ್ಲ, ಮರೆಮಾಡಿ ಇಟ್ಟಿದ್ದರು. ಎಲ್ಲರೂ ನೋಡುತ್ತಿರುವಂತೆ ಹಳೆಯ ಹೆಸರು ತೆಗೆದು ತೂಬು ಬೇಲಿ ಎಂದು ಬರೆದರು, ನೀಲಿ ನೀರಿನ ಒಂದು ಎಳೆ ಜೋಡಿಸಿದರು, ಮತ್ತೆ ಮೊದಲಿನಿಂದ ಹರಿಸಿದರು. ನೀರು ಬಂದು ಬೇಲಿ ತೂಬಿನಲ್ಲಿ ಹೊರಳಿತು.

"ಊಂ. ಅದೇಯ" ಎಂದು ಆ ಮುದುಕಿ ಕೂತುಕೊಂಡರು.

ದೊಡ್ಡ ಅಣೆಕಟ್ಟುಗಳನ್ನು ನೋಡಿದ್ದೇನೆ, ಕಟ್ಟಿಸಿದವರನ್ನೂ ನೋಡಿದ್ದೇನೆ. ಅವತ್ತು ಟ್ರೇಸರಮ್ಮನ ಮುಂದೆ ಆದಷ್ಟು ಚಿಕ್ಕವನು ನಾನು ಯಾರ ಮುಂದೆಯೂ ಆಗಿಲ್ಲ.

ಜೀಪಿನ ಹಿಂದಿನ ಸೀಟಿನಲ್ಲಿ ಮರಳುವಾಗ, ಎಂಜಿನ್ ಸದ್ದಿನಲ್ಲಿ ಸಾಹೇಬರಿಗೆ ಕೇಳದಂತೆ, ಅಳಿಸಿ ಅಂದಿದ್ದೆನಲ್ಲ ಎಂದೆ. "ಅಂದಿದ್ರಿ ಸಾರ್. ಬಟ್ಟೆ ಮ್ಯಾಲೆ ಬ್ಲೇಡಲ್ಲಿ ಕೆರೆದ್ರೂ ಒಂದು ಗುರ್ತು ಉಳೀತಿತ್ತು. ಇದ್ರಲ್ಲಿ ಅಳಿಸಿದ್ರೆ ಏನೂ ಉಳಿಯಕಿಲ್ಲ. ಅದ್ಕೇ ನಂಗೆ ಭಯ. ಗೊತ್ತಿಲ್ಲದ್ನ ಅಳಿಸ್ಬಾರ್ದು, ಕೇಳ್ಬೇಕು" ಎಂದು ಅಷ್ಟೇ ಮೆಲ್ಲಗೆ ಹೇಳಿ ಕಿಟಕಿಯ ಕಡೆ ತಿರುಗಿದರು. ಸಾಹೇಬರು ಮುಂದಿನ ಸೀಟಿನಿಂದ ನನ್ನನ್ನು ಹೊಗಳಿದರು, ಒಳ್ಳೆ ಮುಂಜಾಗ್ರತೆ ಕಣಯ್ಯ ಎಂದು. ಟ್ರೇಸರಮ್ಮ ಅದು ತಮ್ಮ ಕೆಲಸ ಎನ್ನಲಿಲ್ಲ. ನಾನೂ ಅವರದು ಎನ್ನಲಿಲ್ಲ.

ಅವರು ನಿವೃತ್ತರಾದ ಮೇಲೆ ಎರಡು ವರ್ಷವೂ ಬದುಕಲಿಲ್ಲ. ಹೃದಯದ ತೊಂದರೆಯಂತೆ, ಮಂಡ್ಯದ ಆಸ್ಪತ್ರೆಗೆ ಸಾಗಿಸುವ ಹಾದಿಯಲ್ಲೇ ಹೋದರು. ಹನ್ನೊಂದನೆಯ ದಿನದ ತಿಥಿಗೆ ಮದ್ದೂರಿನ ಅವರ ಮನೆಗೆ ಹೋದೆ. ಅಂಗಳದಲ್ಲಿ ಆ ಬೇಲಿ ತೂಬಿನ ಮುದುಕಿ ಕೂತಿದ್ದರು, ಮೂರೂ ಮನೆಯವರು ಜೊತೆಗಿದ್ದರು. ತಮ್ಮ ಗದ್ದೆಯ ಅಕ್ಕಿಯ ಮೂಟೆ ಹೊತ್ತು ಬಸ್ಸಿನಲ್ಲಿ ಬಂದಿದ್ದರು. ಅವತ್ತಿನ ಎಡೆಗೂ ಊಟಕ್ಕೂ ಬೆಂದದ್ದು ಅದೇ ಅಕ್ಕಿ.

ಎಲೆಗೆ ಅನ್ನ ಬಿತ್ತು. ನನಗೆ ಕೈ ಏಳಲಿಲ್ಲ. ಪಕ್ಕದ ಎಲೆಗೆ ಕೂತಿದ್ದ ಮುದುಕಿಗೆ ಹೇಳಿಬಿಟ್ಟೆ: "ಅವ್ವಾ, ನಿಮ್ಮ ತೂಬನ್ನು ಅಳಿಸಿ ಅಂದವನು ನಾನು. ಉಳಿಸಿದ್ದು ಅವರೊಬ್ಬರೇ."

ಅವರು ನನ್ನ ಎಲೆಗೆ ಸಾರು ಬಡಿಸಲು ಹೇಳಿ, "ಗೊತ್ತು ಕಣಪ್ಪ. ಅವತ್ತೇ ನಿನ್ ಮೊಕ ನೋಡಿ ಗೊತ್ತಾಯ್ತು" ಎಂದರು. "ಉಣ್ಣು. ಅನ್ನ ಆರ್ತದೆ."