ಒಣಗಿದ್ದಾನೆ ನಮ್ಮ ದರ್ಜಿ

ಅಣ್ಣ ನೀರು ಕುಡಿದ ಸದ್ದು ಅವಳ ಕಿವಿಯಿಂದ ಹೋಗುತ್ತಲೇ ಇರಲಿಲ್ಲ.

ಬುಧವಾರ ಮಧ್ಯಾಹ್ನ ಬಂದವನು ಬಾಗಿಲಲ್ಲಿ ಚಪ್ಪಲಿ ಕಳಚಿ ನೇರ ಅಡುಗೆಮನೆಗೆ ಹೋಗಿದ್ದ. ಲೋಟ ಹುಡುಕುವಷ್ಟೂ ತಾಳ್ಮೆಯಿಲ್ಲದೆ ಜಗ್ಗನ್ನೇ ಎತ್ತಿ ಗಟಗಟ ಕುಡಿದ. ಜಗ್ಗು ಬರಿದಾಯಿತು. ತಾನೇ ತುಂಬಿಸಿಕೊಂಡು ಮತ್ತೆ ಅರ್ಧ ಇಳಿಸಿದ. ಆಮೇಲೆ ತುಟಿ ಒರೆಸಿಕೊಂಡು, "ಎಲ್ಲಿ ನಮ್ಮ ಮಹಾರಾಣಿ? ಮಾವ ಬಂದಿದ್ದಾನೆ ಅಂತ ಹೇಳು," ಎನ್ನುತ್ತಾ ತೊಟ್ಟಿಲಿನ ಕಡೆ ನಡೆದ.

ನೋಡುವವರಿಗೆ ಇದರಲ್ಲಿ ಏನೂ ಇಲ್ಲ. ಬಿಸಿಲಲ್ಲಿ ಬಂದ ಮನುಷ್ಯ, ಬಾಯಾರಿತ್ತು, ಕುಡಿದ. ಆದರೆ ಬರುವ ಭಾನುವಾರ ಅವನ ದೇಹದಾರ್ಢ್ಯ ಸ್ಪರ್ಧೆ. ಹಿಂದೆಲ್ಲ ಸ್ಪರ್ಧೆಯ ವಾರ ಬಂತೆಂದರೆ ಅವನು ನೀರನ್ನು ಔಷಧಿಯಂತೆ ಬಾಟಲಿಯ ಮುಚ್ಚಳದಲ್ಲಿ ಅಳೆದು ಕುಡಿಯುತ್ತಿದ್ದ. ಕೊನೆಗೆ ಶುಕ್ರವಾರದಿಂದ ಅದೂ ಇಲ್ಲ. ಚರ್ಮದಡಿಯ ನೀರೆಲ್ಲ ಹೋಗಬೇಕು, ಆಗಲೇ ಸ್ನಾಯುವಿನ ಗೆರೆಗಳು ಎದ್ದು ಕಾಣುವುದು ಎಂಬುದು ಅವರ ಜಿಮ್ಮಿನ ನಂಬಿಕೆ. ಅಂಥವನು ಈಗ ಹೀಗೆ ಕುಡಿಯುತ್ತಾನೆಂದರೆ, ಶುಕ್ರವಾರದಿಂದ ಏನು ಮಾಡುತ್ತಾನೆ?

ಅವಳಿಗೆ ತನ್ನ ಭಯದ ಮೇಲೆ ತನಗೇ ಭರವಸೆಯಿಲ್ಲ. ಮಗಳು ಬಿಕ್ಕಳಿಸಿದ್ದಕ್ಕೆ ಕ್ಲಿನಿಕ್ಕಿಗೆ ಓಡಿದವಳು ಅವಳು. ಮಗುವಿನ ಅಂಗಾಲು ತಣ್ಣಗಿದೆ ಎಂದು ಗಂಡನನ್ನು ಆಫೀಸಿನಿಂದ ಎಬ್ಬಿಸಿ ಕರೆಸಿದವಳು. ಕ್ಲಿನಿಕ್ಕಿನ ನರ್ಸು ಅವಳನ್ನು ಕಂಡೊಡನೆ, "ಬಂದ್ರಾ? ಇವತ್ತು ಯಾವುದು, ಮೂಗೋ ಕಿವಿಯೋ?" ಎಂದು ನಗುತ್ತಾಳೆ. "ನಿನಗೆ ಯೋಚನೆ ಮಾಡೋದೇ ಒಂದು ಉದ್ಯೋಗ ಆಗಿಬಿಟ್ಟಿದೆ," ಎನ್ನುತ್ತಾನೆ ಗಂಡ. ಹಾಗಾಗಿ ಈ ಸಲದ ಭಯ ನಿಜದ್ದೋ ಸುಳ್ಳಿನದೋ ಎಂದು ಕೇಳುವುದಕ್ಕೆ ಅವಳಿಗೆ ಯಾರೂ ಇರಲಿಲ್ಲ.

ಅಣ್ಣನ ಅಂಗಡಿ ಒಂದು ಔಷಧಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಸಣ್ಣ ಕೋಣೆ. ಒಂದು ಹೊಲಿಗೆ ಮೆಷಿನ್ನು, ಇಸ್ತ್ರಿಯ ಮೇಜು, ನಿಲುವುಗನ್ನಡಿ. ಇಷ್ಟಾದ ಮೇಲೆ ಉಳಿದ ಜಾಗವನ್ನು ಅವನ ಮೈಯೇ ತುಂಬುತ್ತದೆ. ಮೆಷಿನ್ನಿನ ಮುಂದೆ ಅವನು ಕೂತರೆ ಆಟಿಕೆಯ ಮುಂದೆ ಕೂತ ಹಾಗೆ ಕಾಣುತ್ತದೆ. ಬೀದಿಯವರು ಅವನಿಗಿಟ್ಟ ಹೆಸರು ಬೀರು. "ಬೀರು ಬಾಗಿಲು ತೆಗೆದಿದೆಯಾ ನೋಡು, ಪ್ಯಾಂಟಿಗೆ ಜಿಪ್ಪು ಹಾಕಿಸ್ಬೇಕು," ಎನ್ನುತ್ತಾರೆ. ಕೇಳಿಸಿದರೂ ಅವನು ಕೇಳಿಸದವನಂತೆ ಸೂಜಿಗೆ ದಾರ ಪೋಣಿಸುತ್ತಿರುತ್ತಾನೆ.

ಜನಕ್ಕೆ ಅವನ ತೋಳು ಕಂಡರೆ ಏನೇನೋ ಅನಿಸುತ್ತದೆ. ಸೂಜಿ ಚುಚ್ಚಿಸಿಕೊಂಡು ಊದಿಸಿದ್ದಾನೆ ಎನ್ನುವವರು ಕೆಲವರು. ತಲೆಯಲ್ಲಿರಬೇಕಾದದ್ದು ತೋಳಿಗೆ ಇಳಿದಿದೆ ಎನ್ನುವವರು ಕೆಲವರು. ಕಟ್ಟಡದ ಮಾಲೀಕ ಒಮ್ಮೆ ಬಂದು, "ಮೇಲಿನ ಮನೆಯವನು ಖಾಲಿ ಮಾಡ್ತಿಲ್ಲ. ನೀನು ಏನೂ ಮಾತಾಡ್ಬೇಡಪ್ಪ, ನನ್ನ ಹಿಂದೆ ಸುಮ್ನೆ ಕೈ ಕಟ್ಟಿ ನಿಂತ್ಕೋ ಸಾಕು," ಎಂದು ಕರೆದುಕೊಂಡು ಹೋದ. ಅಣ್ಣ ಹೋಗಿ ಆ ಮನೆಯವನ ಸೂಟ್‌ಕೇಸಿನ ಹರಿದ ಪಟ್ಟಿ ಹೊಲಿದುಕೊಟ್ಟು ಬಂದ. ಮಾಲೀಕ ಇವತ್ತಿಗೂ ಅವನನ್ನು ಮಾತಾಡಿಸುವುದಿಲ್ಲ.

ಹೆಣ್ಣು ಕೊಡುವವರು ಇನ್ನೂ ಒಂದು ಹೆಜ್ಜೆ ಮುಂದೆ. "ಹುಡುಗ ಒಳ್ಳೆಯವನೇ. ಆದ್ರೆ ಕೋಪ ಬಂದು ಒಂದು ಕೊಟ್ರೆ ನಮ್ಮ ಹುಡುಗಿ ಉಳೀತಾಳಾ?" ಎಂದು ಒಬ್ಬರು ಕೇಳಿದ್ದರು, ಅವನೆದುರೇ. ಅವನು ನಕ್ಕಿದ್ದ. ಆವತ್ತಿನಿಂದ ಅಂಗಡಿಗೆ ಬರುವ ಹೆಂಗಸರ ಅಳತೆ ತೆಗೆಯುವಾಗ ಟೇಪಿನ ತುದಿಯನ್ನು ಅವರ ಕೈಗೇ ಕೊಟ್ಟು, "ನೀವೇ ಹಿಡ್ಕೊಳ್ಳಿಮ್ಮ, ನಾನು ಇಲ್ಲಿಂದ ನೋಡ್ಕೋತೀನಿ," ಎಂದು ದೂರ ನಿಲ್ಲುತ್ತಾನೆ.

ಅವನನ್ನೇ ಕೇಳಿದರೆ ಬೇರೆಯೇ ಹೇಳುತ್ತಾನೆ. "ನಾನು ಭಾರ ಎತ್ತೋನಲ್ಲ ಕಣೇ. ನಾನು ದರ್ಜಿ. ಅಂಗಡೀಲಿ ಬಟ್ಟೆ ಹೊಲೀತೀನಿ, ಜಿಮ್ಮಲ್ಲಿ ಮೈ ಹೊಲೀತೀನಿ. ಎರಡಕ್ಕೂ ಕನ್ನಡಿ ಬೇಕು, ತಾಳ್ಮೆ ಬೇಕು. ಬಟ್ಟೆಯಾದ್ರೆ ಗಿರಾಕಿ ತಗೊಂಡು ಹೋಗಿಬಿಡ್ತಾನೆ. ಇದು ನನ್ನ ಹತ್ರಾನೇ ಇರತ್ತೆ ನೋಡು."

ಮೈ ಬೆಳೆಸುವ ಹಟ ಶುರುವಾದದ್ದು ಅಪ್ಪನಿಂದ. ಅಪ್ಪನೂ ದರ್ಜಿಯೇ, ಅದೇ ಮೆಷಿನ್ನು. ಸಕ್ಕರೆ ಕಾಯಿಲೆಯನ್ನು ಕಾಯಿಲೆಯೆಂದೇ ಒಪ್ಪಿಕೊಳ್ಳದೆ, ಮಡಕೆಗಟ್ಟಲೆ ನೀರು ಕುಡಿಯುತ್ತಾ, ಬರುಬರುತ್ತಾ ಇಳಿದುಹೋದವರು. ಕೊನೆಯ ದಿನ ಅವರನ್ನು ಮಂಚದಿಂದ ಎತ್ತಿದ್ದು ಅಣ್ಣ. ಆಗಿನ್ನೂ ಅವನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಬಹಳ ವರ್ಷದ ಮೇಲೆ ಒಮ್ಮೆ ತಂಗಿಯ ಹತ್ತಿರ ಹೇಳಿದ್ದ: "ಎತ್ತಿದ್ರೆ ಭಾರಾನೇ ಇರ್ಲಿಲ್ಲ ಕಣೇ. ಇಸ್ತ್ರಿ ಮಾಡಿದ ಬಟ್ಟೆ ಎತ್ತಿದ ಹಾಗಾಯ್ತು. ಅವತ್ತೇ ಅಂದ್ಕೊಂಡೆ, ನನ್ನನ್ನ ಎತ್ತೋರಿಗೆ ನಾಲ್ಕು ಜನ ಸಾಲಬಾರದು ಅಂತ."

ಆ ಭಾರವನ್ನು ಅವನು ಗಳಿಸಿದ. ಆದರೆ ಪದಕ ಗಳಿಸಲಿಲ್ಲ. ಪ್ರತಿ ವರ್ಷ ವೇದಿಕೆ ಹತ್ತುತ್ತಿದ್ದ, ಪ್ರತಿ ವರ್ಷವೂ ತೀರ್ಪುಗಾರರದು ಒಂದೇ ಮಾತು: ಗಾತ್ರ ಇದೆ, ಒಣಗಿಲ್ಲ. ಆ ಲೋಕದಲ್ಲಿ ಒಣಗುವುದೆಂದರೆ ದೊಡ್ಡ ಹೊಗಳಿಕೆ. ಕೊಬ್ಬು ಕರಗಿ, ನೀರು ಇಳಿದು, ಚರ್ಮ ಕಾಗದದಷ್ಟು ತೆಳುವಾಗಿ, ಒಳಗಿನ ಎಳೆ ಎಳೆಯೂ ಕಾಣಬೇಕು. "ಏನ್ ಒಣಗಿದ್ದೀಯ ಗುರು!" ಎಂದು ಒಬ್ಬರು ಇನ್ನೊಬ್ಬರ ಬೆನ್ನು ತಟ್ಟುತ್ತಾರೆ. ಮೊದಲ ಸಲ ಅದನ್ನು ಕೇಳಿದಾಗ ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಬೇರೆ ಯಾವ ಮನೆಯಲ್ಲಾದರೂ ಒಣಗಿದ್ದೀಯ ಎಂದರೆ ಅಯ್ಯೋ ಪಾಪ ಎಂದರ್ಥ. "ನಿಮ್ಮವರ ಬಾಯಲ್ಲಿ ಬೈಗುಳವೂ ಆಶೀರ್ವಾದ ಆಗತ್ತೆ ಬಿಡು," ಎಂದು ಅಣಕಿಸಿದ್ದಳು.

ಈ ವರ್ಷ ಅವನು ಒಣಗಿದ್ದ. ಜಿಮ್ಮಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಕೋಚ್ ತನ್ನ ಹೊಸ ಶಿಷ್ಯರನ್ನು ಸಾಲಾಗಿ ನಿಲ್ಲಿಸಿ, "ನೋಡ್ಕೊಳ್ರೋ, ಒಣಗೋದು ಅಂದ್ರೆ ಇದು," ಎಂದು ಅವನ ಬೆನ್ನು ತೋರಿಸಿದ್ದನಂತೆ. ಅದನ್ನು ಹೇಳುವಾಗ ಅಣ್ಣನ ಕಣ್ಣಲ್ಲಿ ನೀರಿತ್ತು.

ಬುಧವಾರ ಅಣ್ಣ ಅವಳ ಮಗಳನ್ನು ಎತ್ತಿ ಆಡಿಸುತ್ತಿದ್ದಾಗ ಮಗು ಅವನ ಹೆಗಲ ಮೇಲೆ ಹಾಲು ಕಕ್ಕಿತು. "ಆಯ್ತು, ಮಾವನಿಗೆ ಅಭಿಷೇಕ ಆಯ್ತು," ಎಂದು ನಗುತ್ತಾ ಅವನು ಅಂಗಿ ತೆಗೆದು ತಂಗಿಯ ಕೈಗೆ ಕೊಟ್ಟ. ತೊಳೆಯಲೆಂದು ಅವಳು ಅದನ್ನು ಒಳಹೊರಗು ಮಾಡಿದಳು.

ಅವನ ಅಳತೆಗೆ ಅಂಗಡಿಯಲ್ಲಿ ಅಂಗಿ ಸಿಗುವುದಿಲ್ಲ. ಎಲ್ಲವೂ ಅವನ ಕೈಯ ಹೊಲಿಗೆಯೇ. ಒಳಗಡೆ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿಯುವುದು ಅಪ್ಪನಿಂದ ಬಂದ ಪದ್ಧತಿ, ಮೈ ಬೆಳೆದರೆ ಬಿಚ್ಚಿ ಬಿಡಿಸಿಕೊಳ್ಳಲಿಕ್ಕೆ. ಈ ಅಂಗಿಯ ಪಕ್ಕೆಯಲ್ಲಿ ಬಿಡಿಸಿದ ಗುರುತಿರಲಿಲ್ಲ. ಹಿಡಿಸಿದ ಗುರುತಿತ್ತು. ಈಗಿನ ಹೊಲಿಗೆ, ಅದರಾಚೆ ಬಿಚ್ಚಿದ ಹೊಲಿಗೆಯ ಸೂಜಿತೂತುಗಳ ಸಾಲು, ಅದರಾಚೆ ಇನ್ನೊಂದು ಸಾಲು. ಮತ್ತೆ ಮತ್ತೆ ಕೂತು, ಯಾರಿಗೂ ಸಡಿಲ ಕಾಣಬಾರದೆಂದು ಅಂಗಿಯನ್ನು ಮೈಯ ಹಿಂದೆಯೇ ಒಳಗೆ ಎಳೆದುಕೊಂಡು ಬಂದಿದ್ದ.

ಇಂಥ ಅಂಗಿಗಳನ್ನು ಅವಳು ಹಿಂದೆಯೂ ತೊಳೆದಿದ್ದಳು. ಅವು ಅಪ್ಪನವು.

"ಅಣ್ಣಾ, ಇದೇನಿದು?"

"ಯಾವುದು? ಓ, ಅದಾ. ಮೈ ಇಳಿಸೋ ಸಮಯ ಅಲ್ವೇನೇ. ಹಿಡಿಸ್ಕೊಂಡೆ."

"ಮೈ ಇಳಿಸೋರು ಊಟ ಬಿಡ್ತಾರೆ. ನೀನು ಬಿಟ್ಟಿದ್ದೀಯಾ?"

ಅವನು ಮಗುವಿನ ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾ ಕೂತ. ಬರೀ ಮೈಯಲ್ಲಿ ಕೂತಿದ್ದ ಅವನನ್ನು ಅವಳು ಆಗ ಸರಿಯಾಗಿ ನೋಡಿದಳು. ಎದೆಯ ಗೆರೆಗಳು ಕೆತ್ತಿದ ಹಾಗಿದ್ದವು. ಅದರ ಮೇಲಿದ್ದ ಮುಖ ಮಾತ್ರ ಬೇರೆ ಯಾರದೋ ಅನಿಸುವಷ್ಟು ಸಣ್ಣಗಿತ್ತು.

"ತಿಂತಿದ್ದೀನಿ," ಎಂದ ಕೊನೆಗೆ. "ಮೊದಲಿಗಿಂತ ಜಾಸ್ತೀನೇ ತಿಂತಿದ್ದೀನಿ. ನಿಲ್ತಾ ಇಲ್ಲ."

"ರಕ್ತ ಪರೀಕ್ಷೆ ಮಾಡಿಸೋಣ. ಈಗಲೇ ಏಳು. ಪಕ್ಕದ ರಸ್ತೇಲೇ ಇದೆ."

"ಭಾನುವಾರ ಆಗ್ಲಿ."

"ಭಾನುವಾರದವರೆಗೆ ಏನಾದ್ರೂ ಆದ್ರೆ?"

"ನಿನಗೆ ಎಲ್ಲದಕ್ಕೂ ಏನಾದ್ರೂ ಆದ್ರೆ," ಎಂದು ನಗಲು ನೋಡಿದ. ಆಗಲಿಲ್ಲ. "ಕೇಳು ಪುಟ್ಟಿ. ರಕ್ತ ಕೊಟ್ರೆ ಅದಕ್ಕೊಂದು ಹೆಸರು ಇಡ್ತಾರೆ. ಹೆಸರಿಟ್ಟ ಮೇಲೆ ನಾನು ಅಲ್ಲಿ ನಿಂತ್ಕೊಳ್ಳೋಕಾಗಲ್ಲ. ಅಪ್ಪನ ಮಗ ಆಗಿಬಿಡ್ತೀನಿ. ಒಂದೇ ಒಂದು ಸಲ ಒಣಗಿದ್ದೀನಿ ಅನ್ನಿಸ್ಕೊಂಡು ಇಳೀತೀನಿ. ಸೋಮವಾರ ನೀನು ಎಲ್ಲಿಗೆ ಕರೀತೀಯೋ ಅಲ್ಲಿಗೆ ಬರ್ತೀನಿ."

"ಅಣ್ಣಾ..."

"ಇವಳ ಮೇಲೆ ಆಣೆ. ಯಾರಿಗೂ ಹೇಳಲ್ಲ ಅನ್ನು."

ಮಗು ಅವನ ತೊಡೆಯ ಮೇಲೆ ಕಾಲು ಬಡಿಯುತ್ತಿತ್ತು. ಅವಳಿಗೆ ಬೇರೆ ದಾರಿ ಹೊಳೆಯಲಿಲ್ಲ. "ಆಯ್ತು," ಎಂದುಬಿಟ್ಟಳು. ಒದ್ದೆ ಅಂಗಿಯನ್ನೇ ತೊಟ್ಟುಕೊಂಡು ಹೊರಟವನು ಬಾಗಿಲವರೆಗೆ ಹೋಗಿ, ಮತ್ತೆ ಅಡುಗೆಮನೆಗೆ ಬಂದು ನೀರು ಕುಡಿದು ಹೋದ.

ಮಾರನೆಯ ದಿನ ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದವರು ತಾವಾಗಿಯೇ ಮಾತೆತ್ತಿದರು. "ನಿಮ್ಮಣ್ಣನ ಮುಖ ಯಾಕಮ್ಮಾ ಹಾಗಾಗಿದೆ? ಬಾಡಿ ಬಿಲ್ಡರ್ ಅಂತಾರಲ್ಲ, ಅವನು ಬಾಡಿಯೇ ಹೋಗಿದ್ದಾನೆ." ತಮ್ಮ ಮಾತಿಗೆ ತಾವೇ ನಕ್ಕರು. ಸೊಸೆ ನಗದಿದ್ದುದನ್ನು ಕಂಡು, "ತಮಾಷೆಗೆ ಅಂದೆ ಕಣಮ್ಮ," ಎಂದು ಸೊಪ್ಪಿನ ಬುಟ್ಟಿ ಸರಿಸಿದರು.

ನನಗೊಬ್ಬಳಿಗೇ ಕಂಡದ್ದಲ್ಲ ಹಾಗಾದರೆ, ಎಂದುಕೊಂಡಳು ಅವಳು. ಅದರಿಂದ ಸಮಾಧಾನವೂ ಆಯಿತು, ಭಯವೂ ಹೆಚ್ಚಿತು. ಹೇಳಿಬಿಡಲೇ ಎಂದು ಬಾಯಿ ತೆರೆದವಳು ತೊಟ್ಟಿಲು ಕಂಡು ಮುಚ್ಚಿಕೊಂಡಳು. ಓದಿದವಳು, ಆಣೆ ಗೀಣೆ ನಂಬುವವಳಲ್ಲ. ಆದರೆ ಮಗಳ ವಿಷಯದಲ್ಲಿ ಅವಳು ನಂಬದೇ ಇರುವಂಥದ್ದು ಯಾವುದೂ ಇರಲಿಲ್ಲ. ಅಣ್ಣನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆ ಆಣೆಯನ್ನು ಅವಳ ಅಳತೆ ನೋಡಿಯೇ ಹೊಲಿದಿದ್ದ.

ಶುಕ್ರವಾರ ಬೆಳಗ್ಗೆ ಅವನಿಗೆ ಫೋನ್ ಮಾಡಿದಳು.

"ನೀರು ಕುಡಿದ್ಯಾ?"

"ಬಿಟ್ಟಾಯ್ತು. ಇನ್ನು ಭಾನುವಾರವೇ," ಎಂದ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡವನ ಮಾತು ಅದು. "ಜಿಮ್ಮಿಗೆ ಹೊರಟೆ. ಕೋಚ್ ಕಾಯ್ತಿದ್ದಾರೆ. ತಲೆ ಒಂಚೂರು ಸುತ್ತತ್ತೆ, ಅದು ಯಾವಾಗ್ಲೂ ಇದ್ದದ್ದೇ."

"ಅಣ್ಣಾ, ಬೇಡ."

"ಆಣೆ ನೆನಪಿದೆ ತಾನೇ?" ಎಂದು ಫೋನ್ ಇಟ್ಟ.

ಮಗಳು ಮಲಗಿದ್ದಳು. ಅವಳು ತೊಟ್ಟಿಲ ಪಕ್ಕ ನೆಲದ ಮೇಲೆ ಕೂತಳು. ಮಗುವಿನ ಎದೆ ಏರಿಳಿಯುವುದನ್ನು ನೋಡಿದಳು, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು, ಅಂಗಾಲು ಮುಟ್ಟಿದಳು. ಬೆಚ್ಚಗಿತ್ತು. ಗಂಡನಿಗೆ ಹೇಳಿದರೆ ಸಂಜೆ ಮಾತಾಡೋಣ ಎನ್ನುತ್ತಾನೆ. ಅಣ್ಣ ತನ್ನ ಮಾತು ಕೇಳುವುದಿಲ್ಲ. ಅವನು ಕೇಳುವುದು ಜಗತ್ತಿನಲ್ಲಿ ಒಬ್ಬನ ಮಾತನ್ನು. ಅವನ ಬೆನ್ನು ತೋರಿಸಿ ಒಣಗೋದು ಅಂದ್ರೆ ಇದು ಎಂದಿದ್ದ ಕೋಚ್‌ನ ಮಾತನ್ನು. ಹೋದ ವರ್ಷದ ಸ್ಪರ್ಧೆಯ ಟಿಕೆಟ್ಟಿಗೆಂದು ಬರೆದುಕೊಂಡಿದ್ದ ಅವನ ನಂಬರು ಫೋನಿನಲ್ಲೇ ಇತ್ತು. ಅವಳು ತೊಟ್ಟಿಲಿನ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಒತ್ತಿದಳು.

ಹಿಂದೆ ಕಬ್ಬಿಣ ಕಬ್ಬಿಣಕ್ಕೆ ತಾಗುವ ಸದ್ದು. "ಯಾರು? ಓಹೋ, ದರ್ಜಿ ತಂಗೀನಾ! ಟಿಕೆಟ್ ತಾನೇ ಅಮ್ಮ? ಮುಂದಿನ ಸಾಲಲ್ಲೇ ಕೂರಿಸ್ತೀನಿ. ನಿಮ್ಮಣ್ಣ ಏನ್ ಒಣಗಿದ್ದಾನೆ ಗೊತ್ತಾ? ನಾನು ಇಷ್ಟು ವರ್ಷದಲ್ಲಿ..."

"ಸರ್, ಅವನು ಒಣಗಿಲ್ಲ."

"ಅಂದ್ರೆ?"

"ಒಣಗಿದ್ದಲ್ಲ ಸರ್ ಅದು. ಸೊರಗಿದ್ದು." ಅವಳು ನಿಲ್ಲದೆ ಮುಂದುವರಿಸಿದಳು. "ಚೆನ್ನಾಗಿ ಊಟ ಮಾಡಿದ್ರೂ ಇಳೀತಿದ್ದಾನೆ. ಬುಧವಾರ ಜಗ್ಗುಗಟ್ಟಲೆ ನೀರು ಕುಡಿದ. ನಮ್ಮಪ್ಪನೂ ಹೀಗೇ ಹೋದ್ರು. ಇವತ್ತು ನೀರು ಬಿಟ್ಟಿದ್ದಾನೆ. ಅವನ ಅಂಗಿಯ ಒಳಗಡೆ ತಿರುಗಿಸಿ ನೋಡಿ ಸರ್, ನಿಮಗೇ ಗೊತ್ತಾಗತ್ತೆ."

ಅತ್ತ ಕಡೆ ಕೋಚ್ ಯಾರಿಗೋ "ಅದನ್ನ ಕೆಳಗಿಡ್ರೋ" ಎಂದ. ಕಬ್ಬಿಣದ ಸದ್ದು ನಿಂತಿತು. "ದರ್ಜಿ, ಇಲ್ಲಿ ಬಾ. ಅಂಗಿ ತೆಗಿ." ಏನೋ ಸರಿದಾಡಿದ ಸದ್ದು. ಆಮೇಲೆ ಆ ದೊಡ್ಡ ಗಂಟಲು ಅವಳು ಎಂದೂ ಕೇಳದಷ್ಟು ಮೆಲ್ಲಗೆ ಹೇಳಿತು: "ಎಷ್ಟು ದಿನದಿಂದ ಇದು? ನಾನು ಚಪ್ಪಾಳೆ ಹೊಡೀತಾ ಇದ್ನಲ್ಲೋ."

ಫೋನ್ ಕೈ ಬದಲಾಯಿತು.

"ಹೇಳಿಬಿಟ್ಯಾ?" ಎಂದ ಅಣ್ಣ.

"ಹೂಂ."

"ಮಗು ಮೇಲೆ ಆಣೆ ಇಡಿಸ್ಕೊಂಡಿದ್ದೆ."

"ಗೊತ್ತು."

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಒಳ್ಳೆಯದಿತ್ತು. "ಇನ್ನೊಂದು ಎರಡು ದಿನ ಇತ್ತು ಕಣೇ," ಎಂದಷ್ಟೇ ಹೇಳಿದ. ಆಮೇಲೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಅಣ್ಣಾ, ಅಲ್ಲಿಗೇ ಬರ್ತೀನಿ. ಇವಳನ್ನೂ ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ಮೊದಲು ನೀರು ಕುಡಿ."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು. ಯಾರೋ ಬಾಟಲಿಯ ಮುಚ್ಚಳ ತಿರುಗಿಸಿದರು. ಆಮೇಲೆ ಅವನು ಕುಡಿಯತೊಡಗಿದ.